ಶಿರಾಲಿಯಿಂದ ಬಂದ ಡಬ್ಬಿ

ದೇವಿ ಬುತ್ತಿ ಹಿಡಿದು ಮೆಟ್ಟಿಲು ಹತ್ತಿದಾಗ ಮಧ್ಯಾಹ್ನ ಒಂದು ಗಂಟೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ದೂಡಿದಳು. ತಮ್ಮ ರಮಾನಂದ ನೆಲದ ಮೇಲೆ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ರಕ್ತ ಹರಿದುಹೋಗಿ ಆಂಪ್ಲಿಫೈಯರಿನ ಬುಡದಲ್ಲಿ ಹೆಪ್ಪುಗಟ್ಟಿತ್ತು.

ಅವಳು ಕೂಗಲಿಲ್ಲ. ಬುತ್ತಿಯನ್ನು ಅಲ್ಲೇ ಇಟ್ಟು, ಇಳಿದು, ಬಿಸಿಲಲ್ಲಿ ನೇರ ಠಾಣೆಗೆ ನಡೆದಳು.

1968ರ ಏಪ್ರಿಲ್, ಗುರುವಾರ. ಹೊನ್ನಾವರ ಪೇಟೆಯ ಹಗ್ಗದಂಗಡಿಯ ಮಾಳಿಗೆಯಲ್ಲಿತ್ತು ಆ ಕೋಣೆ. ಹಿಂದಿನ ಓಣಿಯಿಂದ ಮೆಟ್ಟಿಲು. ರಮಾನಂದ ನಾಯ್ಕ ಎಂಟು ವರ್ಷ ಮುಂಬಯಿಯ ಹೋಟೆಲುಗಳಲ್ಲಿ ಬೇಸ್ ಗಿಟಾರ್ ನುಡಿಸಿ ಊರಿಗೆ ಮರಳಿದವ. ನಾಲ್ಕೇ ದಪ್ಪ ತಂತಿಯ ಗಿಟಾರ್ ಅದು. ಆಂಪ್ಲಿಫೈಯರಿಗೆ ಜೋಡಿಸದಿದ್ದರೆ ಪಕ್ಕದಲ್ಲಿ ಕೂತವನಿಗೂ ಸರಿಯಾಗಿ ಕೇಳದು. ಊರಿಗೆ ಬಂದ ಮೇಲೆ ಹಳೆಯ ವಾದ್ಯ ಕೊಂಡು, ರಿಪೇರಿ ಮಾಡಿ, ಮಾರುತ್ತಿದ್ದ. ಮದುವೆ ದಿನಗಳಲ್ಲಿ ಕುಮಟೆಯ ವಿಘ್ನೇಶ್ವರ ಹೆಗಡೆಯ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ.

ಸಬ್ ಇನ್ಸ್‌ಪೆಕ್ಟರ್ ಅನಂತಮೂರ್ತಿ ಕೋಣೆಯ ನಡುವೆ ನಿಂತು ನೋಡಿದ. ಘಟ್ಟದ ಮೇಲಿನವ. ಹೊನ್ನಾವರಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ಎರಡು ಓಸಿ ಜೂಜಿನ ಅಡ್ಡೆ ಮುಚ್ಚಿಸಿ ಅರ್ಧ ಪೇಟೆಯ ದ್ವೇಷ ಕಟ್ಟಿಕೊಂಡಿದ್ದ. ಹೆಡ್ ಕಾನ್‌ಸ್ಟೇಬಲ್ ದೇವಪ್ಪ ಪಂಚನಾಮೆ ಬರೆಯುತ್ತಿದ್ದ.

"ಆಂಪ್ಲಿಫೈಯರ್ ಒಂದು. ಹಳೇ ಗಿಟಾರ್ ಎರಡು. ಮೈಕಿನ ಸ್ಟ್ಯಾಂಡಿನ ಬುಡ ಒಂದು."

"ಅದರ ಸರಳು?"

"ಇಲ್ಲ ಸಾರ್. ಬರೀ ಬುಡ." ದೇವಪ್ಪ ನೆಲಕ್ಕೆ ಬಗ್ಗಿದ. "ಇದೆಂತದು ಇದು?"

ಅಂಗೈಗಿಂತ ತುಸು ದೊಡ್ಡದಾದ ಕಬ್ಬಿಣದ ಡಬ್ಬಿ. ಮೇಲೆ ಒಂದು ಗುಂಡಿ. ಬದಿಯಲ್ಲಿ ಎರಡು ತೂತು. ಅನಂತಮೂರ್ತಿಗೂ ಗೊತ್ತಾಗಲಿಲ್ಲ.

"ಡಬ್ಬಿ ಅಂತ ಬರಿ."

ಗೋಡೆಯ ದಪ್ಪ ಮೊಳೆ ಖಾಲಿ ಇತ್ತು. ಬೇಸ್ ಗಿಟಾರ್ ಅಲ್ಲೇ ತೂಗುತ್ತಿತ್ತೆಂದು ದೇವಿ ಹೇಳಿದಳು. ಈಗ ಇರಲಿಲ್ಲ.

"ಯಾರ ಸಂಗಡ ಆದ್ರೂ ಜಗಳ ಇತ್ತಾ?"

"ಇಲ್ಲದೆ ಎಂತ? ಸೋಮವಾರ ಆ ಶಿರಾಲಿ ಕೃಷ್ಣಾನಂದ ಬಂದು ಕೂಗಾಡಿ ಹೋಗಿದ್ದ. ಬೇಸು ಅಂವ ಕೊಟ್ಟದ್ದು. ಹೆಚ್ಚಿನ ಗಿರಾಕಿ ಬಂದಾನೆ, ತಿರುಗಿ ಕೊಡು ಅಂದ. ಇಂವ ಕೊಡ್ಲಿಲ್ಲ." ಅವಳು ಫೌಜದಾರನ ಮುಖವನ್ನೇ ದಿಟ್ಟಿಸಿದಳು. "ನೀವು ಎಂತದೂ ಮಾಡೂದಿಲ್ಲ, ನಂಗೊತ್ತು. ಬರ್ಕಳಿ, ಹೋಗಿ."

* * *

ಮೂರು ಗಂಟೆಗೆ ವಿಘ್ನೇಶ್ವರ ಹೆಗಡೆ ತಾನಾಗಿಯೇ ಠಾಣೆಗೆ ಬಂದ. ಬಿಳಿ ಅಂಗಿ, ಹೆಗಲ ಮೇಲೆ ಶಾಲು. ಕುರ್ಚಿ ಎಳೆದು ಕೂತು ತಮ್ಮಿಬ್ಬರ ಜಾತಿಯ ಮನೆಮಾತಿನಲ್ಲೇ ಶುರುಮಾಡಿದ.

"ನೀವು ನಮ್ಮವೇ ಅಲ್ದಾ? ನಿಮ್ಮ ಹತ್ರ ಮುಚ್ಚಿಡ್ತಿಲ್ಲೆ."

"ಹೇಳಿ," ಎಂದ ಅನಂತಮೂರ್ತಿ. ಅವನು ಮನೆಮಾತಿಗೆ ಇಳಿಯಲಿಲ್ಲ.

"ಹನ್ನೊಂದು ಗಂಟೆಗೆ ರಮಾನಂದನ ಕಾಣೂಲೆ ಹೋಗಿದ್ದಿ. ಮೆಟ್ಟಿಲ ಮೇಲೇ ಬೇಸಿನ ಸದ್ದು ಕೇಳ್ತು. ಅಂವ ಆ ಕಾಲಲ್ಲಿ ಒತ್ತ ಡಬ್ಬಿ ಹಾಕ್ಯಂಡು ನುಡಿಸ್ತಾ ಇದ್ದಿದ್ದ. ಹುಲಿ ಗುರುಗುಟ್ಟಿದಾಂಗೆ. ನಡುವೆ ಮಾಸ್ತಿ ದೊಡ್ಡ ದನಿ ಮಾಡಿ ಜಗಳ ಆಡ್ತಿದ್ದ. ಇವರ ಗಲಾಟೆ ನಂಗೆಂತಕ್ಕೆ ಹೇಳಿ ತಿರುಗಿ ಬಂದಿ."

"ಒಳಗೆ ಹೋಗಲಿಲ್ಲ?"

"ಇಲ್ಲೆ."

ಮಾಸ್ತಿ ಸಂತೆಗುಳಿಯವ. ಅದೇ ಆರ್ಕೆಸ್ಟ್ರಾದಲ್ಲಿ ಆರು ವರ್ಷದಿಂದ ಡ್ರಮ್ ಬಾರಿಸುತ್ತಿದ್ದ. ಜೀಪು ಹೊರಟಿತು. ಬಿಸಿಲು ಇಳಿಯುವ ಮೊದಲೇ ಅವನು ಸಿಕ್ಕಿದ. ಅವನ ಮನೆಯ ಮೂಲೆಯಲ್ಲಿ ಬೆಡ್‌ಶೀಟು ಸುತ್ತಿದ ಬೇಸ್ ಗಿಟಾರೂ ಸಿಕ್ಕಿತು.

"ಕದ್ದದ್ದಾ?"

"ತಕಂಡದ್ದು. ದುಡ್ಡು ಕೊಟ್ಟು."

"ಚೀಟಿ ಎಲ್ಲಿ?"

"ನಂಗೂ ಅವಂಗೂ ಎಂತಕ್ಕೆ ಚೀಟಿ?"

"ಎಷ್ಟು ಗಂಟೆಗೆ ಅಲ್ಲಿಂದ ಹೊರಟೆ?"

"ಹತ್ತಕ್ಕೆ. ಹಂಚಿನ ಲಾರಿ ಸಿಕ್ತು. ಹತ್ಕಂಡು ಬಂದೆ."

"ಲಾರಿ ನಂಬರು?"

"ನಾ ಲಾರಿ ನಂಬರು ಓದ್ತಾ ಕೂತ್ಕಂಡಿದ್ನಾ?"

ಅನಂತಮೂರ್ತಿಯ ಕೈ ಎದ್ದಿತು. ಕೆನ್ನೆಗೆ ಬಿದ್ದ ಏಟಿಗೆ ಮಾಸ್ತಿ ಅಲುಗಲಿಲ್ಲ. ಫೌಜದಾರನನ್ನು ನೋಡಿ ನೆಲಕ್ಕೆ ಉಗುಳಿದ. ಅವನ ಹೆಂಡತಿ ಲಕ್ಕಿ ಬಾಗಿಲಿಗೆ ಅಡ್ಡ ನಿಂತಳು. ಅವಳನ್ನು ಸರಿಸಿ ಅವನನ್ನು ಜೀಪಿಗೆ ಹತ್ತಿಸಬೇಕಾಯಿತು.

ಮರುದಿನ ಪೇಟೆಯಲ್ಲಿ ಎಲ್ಲರಿಗೂ ನೆಮ್ಮದಿ. ಕೊಂದವ ಸಿಕ್ಕಿದ. ಗಿಟಾರ್ ಸಿಕ್ಕಿತು. ಸಾಕ್ಷಿ ದೊಡ್ಡ ಮನುಷ್ಯ. ದೇವಪ್ಪ ಕಾಗದಗಳನ್ನು ಜೋಡಿಸಿ ದಾರ ಕಟ್ಟತೊಡಗಿದ.

"ಸರಳು ಎಲ್ಲಿ ದೇವಪ್ಪ?"

"ಸಾರ್?"

"ಸ್ಟ್ಯಾಂಡಿನ ಸರಳು. ಅದರಲ್ಲೇ ಹೊಡೆದಿರಬೇಕು. ಮಾಸ್ತಿ ಮನೇಲಿ ಇರ್ಲಿಲ್ಲ."

"ಬಿಸಾಡಿರ್ತಾನೆ ಸಾರ್."

"ಗಿಟಾರ್ ಮೂಲೇಲಿಟ್ಟು ಸರಳು ಮಾತ್ರ ಬಿಸಾಡ್ದ?"

ದೇವಪ್ಪ ದಾರ ಬಿಚ್ಚಿದ. ಅನಂತಮೂರ್ತಿ ವಶಪಡಿಸಿಕೊಂಡ ಮುದ್ದೆಮಾಲಿನ ಚೀಲವನ್ನು ಮೇಜಿನ ಮೇಲೆ ಸುರಿದ. ಡಬ್ಬಿಯ ಜೊತೆ ಕೋಣೆಯಲ್ಲಿ ಸಿಕ್ಕ ಒಂದು ಸುತ್ತುಕಾಗದವೂ ಬಿತ್ತು. ಮಡಿಕೆ ಇನ್ನೂ ಹೊಸದು. ಮೇಲೆ ನೇರಳೆ ಶಾಯಿಯ ಮೊಹರು: ಕೃಷ್ಣಾನಂದ, ಶಿರಾಲಿ.

* * *

ಶನಿವಾರ ಅನಂತಮೂರ್ತಿ ಶಿರಾಲಿಗೆ ಹೋದ. ಹೆದ್ದಾರಿ ಬದಿಯ ಅಂಗಡಿಯಲ್ಲಿ ಹಡಗಿನಿಂದ ಇಳಿದ ಹಳೆಯ ಸಾಮಾನೆಲ್ಲ ಇತ್ತು. ಗಡಿಯಾರ, ಲಾಂದ್ರ, ರೇಡಿಯೋ, ಹರಿದ ಅಕಾರ್ಡಿಯನ್. ಕೃಷ್ಣಾನಂದ ಮೊದಲು ಹಡಗಿನ ಅಡುಗೆಮನೆಯಲ್ಲಿದ್ದವ. ಜೀಪು ನಿಂತದ್ದು ಕಂಡೂ ಅವನು ಏಳಲಿಲ್ಲ.

"ಗುರುವಾರ ಎಲ್ಲಿದ್ದೆ?"

"ಇಲ್ಲೇ. ಎದುರಿನ ಚಾದಂಗಡೀಲಿ ಕೇಳಿ. ಬಗಲಲ್ಲಿ ದರ್ಜಿ ಇದ್ದಾನೆ, ಅವನ ಹತ್ರ ಕೇಳಿ. ಕೇಳಿ ಆದ ಮೇಲೆ ಜೀಪು ಆಚೆಗೆ ನಿಲ್ಸಿ. ಗಿರಾಕಿ ಬರೂದಿಲ್ಲ."

"ಸೋಮವಾರ ಅವನ ಸಂಗಡ ಜಗಳ ಆಡಿದ್ದೆ."

"ಆಡಿದ್ದೆ. ಮಂಗಳೂರಿನ ಪಾರ್ಟಿ ಹೆಚ್ಚಿಗೆ ಕೊಡ್ತೆ ಅಂದಿತ್ತು. ಅಂವ ಕೊಡೂದಿಲ್ಲ ಅಂದ, ಬಿಟ್ಟೆ. ವ್ಯಾಪಾರದಲ್ಲಿ ಜಗಳ ಆಡದೆ ಮುತ್ತು ಕೊಡ್ತ್ರಾ?"

ಅನಂತಮೂರ್ತಿ ಸುತ್ತುಕಾಗದವನ್ನು ಮುಂದಿಟ್ಟ. "ಇದು?"

"ಡಬ್ಬಿ ಕಟ್ಟಿ ಕಳಿಸಿದ್ದು. ಜಗಳದ ದಿವಸವೇ ಕೇಳಿದ್ದ, ಅದಾದ್ರೂ ಕೊಡು ಅಂತ. ಗುರುವಾರ ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ನಾಗನ ಕೈಲಿ ಕೊಟ್ಟೆ."

"ಗುರುವಾರ ಬೆಳಿಗ್ಗೆ?"

"ಹೌದು ಅಂದೆ ಅಲ್ದಾ."

"ಅದರ ಕೆಲಸ ಎಂತದು?"

"ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಹಾಕೂದು. ಕಾಲಲ್ಲಿ ಒತ್ತಿದ್ರೆ ದನಿ ಒಡೆದು ಗುರ್ ಅಂತದೆ. ವಿಲಾಯತಿಯ ಹುಡುಗ್ರಿಗೆ ಈಗ ಅದೇ ಹುಚ್ಚು." ಕೃಷ್ಣಾನಂದ ಮೊದಲ ಬಾರಿ ನಕ್ಕ. "ಆದ್ರೆ ಇದು ಗುರ್ ಅನ್ನೂದಿಲ್ಲ. ಸತ್ತಿದೆ. ಹೋದ ಮಳೆಗಾಲದಲ್ಲೇ ಒಳಗಿನ ಸೆಲ್ ಸೋರಿ ತಂತಿ ತಿಂದಾಕಿದೆ. ಅದನ್ನ ಹೇಳಿಯೇ ಕೊಟ್ಟದ್ದು. ಅಂವ ಮುಂಬಯಿಯಿಂದ ಭಾಗ ತರಿಸಿ ಸರಿಮಾಡ್ತೆ ಅಂದ."

ಅನಂತಮೂರ್ತಿ ಎದ್ದು ನಿಂತ. ಕೆನ್ನೆ ಬಿಸಿಯಾಯಿತು. ಎರಡು ದಿನದಿಂದ ಲಾಕಪ್ಪಿನಲ್ಲಿ ಕೂತವನ ಮುಖ ಕಣ್ಣೆದುರು ಬಂತು.

"ಹೊರಟ್ರಾ?" ಎಂದ ಕೃಷ್ಣಾನಂದ. "ಬಾಗಿಲು ಮುಂದೆ ಮಾಡ್ಕಂಡು ಹೋಗಿ. ಧೂಳು."

ಕಂಡಕ್ಟರ್ ನಾಗ ಭಟ್ಕಳ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಹೌದು, ಗುರುವಾರ ಹತ್ತೂವರೆಗೆ ರಮಾನಂದನೇ ಹೊನ್ನಾವರದ ಬಸ್ ಸ್ಟ್ಯಾಂಡಿಗೆ ಬಂದು ಪೊಟ್ಟಣ ಇಸಕೊಂಡಿದ್ದ. ಒಬ್ಬನೇ ಇದ್ದ. ಖುಷಿಯಲ್ಲಿದ್ದ. ಅಲ್ಲೇ ಪೊಟ್ಟಣದ ಮೂಲೆ ಹರಿದು ನೋಡಿದ್ದ.

* * *

ಭಾನುವಾರ ಬೆಳಿಗ್ಗೆ ವಿಘ್ನೇಶ್ವರ ಹೆಗಡೆ ಠಾಣೆಗೆ ಬಂದಾಗ ಮೇಜಿನ ಮೇಲೆ ಆಂಪ್ಲಿಫೈಯರ್ ಇತ್ತು. ಗೋಡೆಗೆ ಒರಗಿಸಿದ ಬೇಸ್ ಗಿಟಾರ್. ನೆಲದ ಮೇಲೆ ಡಬ್ಬಿ. ಬೆಂಚಿನ ಮೇಲೆ ದೇವಿ ಕೂತಿದ್ದಳು.

"ಇದೆಂತದು? ಕಛೇರಿ ಇದ್ದಾ ಇವತ್ತು?" ಹೆಗಡೆ ನಗಲು ನೋಡಿದ.

"ಒಂದು ಸಣ್ಣ ಪರೀಕ್ಷೆ. ಕೂತ್ಕೊಳ್ಳಿ. ಮಾಸ್ತಿಯನ್ನ ಕರಕೊಂಡು ಬಾ ದೇವಪ್ಪ."

ಮಾಸ್ತಿ ಬಂದ. ಮೂರು ದಿನದ ಗಡ್ಡ. ಗಿಟಾರನ್ನು ಕಂಡು ನಿಂತ.

"ಜೋಡಿಸು," ಎಂದ ಅನಂತಮೂರ್ತಿ.

"ನಾ ಎಂತಕ್ಕೆ ಜೋಡಿಸ್ಬೇಕು?"

"ನನಗೆ ಬರೋದಿಲ್ಲ."

ಮಾಸ್ತಿ ಬಾಯಿ ಬಿಗಿಹಿಡಿದು ಬಗ್ಗಿದ. ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದು ಎಲ್ಲಿಂದ ಬಂತು? ನಾ ಕಂಡಿಲ್ಲ." ಗಿಟಾರಿನ ವಯರನ್ನು ಒಂದು ತೂತಿಗೆ, ಆಂಪ್ಲಿಫೈಯರಿನದನ್ನು ಇನ್ನೊಂದಕ್ಕೆ ಚುಚ್ಚಿದ. ದಪ್ಪ ತಂತಿಯನ್ನು ಮೀಟಿದ. ಠಾಣೆಯ ಕಿಟಕಿಗಳು ನಡುಗಿದವು.

"ಈಗ ಆ ಗುಂಡಿ ಒತ್ತಿ ನುಡಿಸು."

ಮಾಸ್ತಿ ಕಾಲಲ್ಲಿ ಒತ್ತಿದ. ಮೀಟಿದ. ಸದ್ದಿಲ್ಲ. ಇನ್ನೊಮ್ಮೆ ಮೀಟಿದ. ಬೆರಳು ಬಡಿದದ್ದಷ್ಟೇ ಕೇಳಿತು.

"ಹೆಗಡೆಯವರೇ, ಹುಲಿ ಎಲ್ಲಿ?"

"ಈಗ ಹಾಳಾಗಿಕ್ಕು. ಪೊಲೀಸರ ಕೈಗೆ ಬಿದ್ದದ್ದು ಸರಿ ಇರ್ತಾ?"

ಅನಂತಮೂರ್ತಿ ಡಬ್ಬಿಯ ತಳದ ನಾಲ್ಕು ಸ್ಕ್ರೂ ಬಿಚ್ಚಿದ. ಒಳಗೆಲ್ಲ ಹಸಿರು ಪುಡಿ. ಒಣಗಿ ಹಕ್ಕಳೆಗಟ್ಟಿತ್ತು. ಸೆಲ್ಲಿನಿಂದ ಹೊರಟ ತಂತಿ ನಡುವೆಯೇ ತುಂಡಾಗಿತ್ತು.

"ಇದು ಮೂರು ದಿನದಲ್ಲಿ ಆಗುವ ಕೆಲಸ ಅಲ್ಲ. ಹೋದ ಮಳೆಗಾಲದಿಂದ ಇದು ಮೂಕ. ಮಾರಿದವನೇ ಹೇಳಿಕೆ ಬರೆದುಕೊಟ್ಟಿದ್ದಾನೆ. ನೀವು ಮೆಟ್ಟಿಲ ಮೇಲೆ ಕೇಳಿದ ಸದ್ದನ್ನ ಈ ಊರಲ್ಲಿ ಯಾರೂ ಕೇಳಿಲ್ಲ. ನೀವೂ ಕೇಳಿಲ್ಲ."

ಹೆಗಡೆ ಶಾಲು ಸರಿಮಾಡಿಕೊಂಡ. "ಬರೀ ಬೇಸೇ ಇದ್ದಿಕ್ಕು. ನಂಗೆ ಡಬ್ಬಿ ಹೇಳಿ ಅನಿಸಿತ್ತು."

"ಅನಿಸಬೇಕಾದರೆ ಡಬ್ಬಿ ಇದೆ ಅಂತ ಗೊತ್ತಿರಬೇಕು. ಅದು ಹೊನ್ನಾವರಕ್ಕೆ ಬಂದದ್ದೇ ಗುರುವಾರ ಹತ್ತೂವರೆಗೆ. ಒಂದು ಗಂಟೆಗೆ ದೇವಿ ಹೆಣ ಕಂಡಳು. ನಮ್ಮ ಪಂಚನಾಮೆಯಲ್ಲಿ ಡಬ್ಬಿ ಒಂದು ಅಂತ ಅಷ್ಟೇ ಇದೆ, ಯಾಕೆಂದರೆ ಅದೇನು ಅಂತ ನಮಗಿಬ್ಬರಿಗೂ ತಿಳಿದಿರಲಿಲ್ಲ. ಮೂರು ಗಂಟೆಗೆ ಬಂದು ಕಾಲಲ್ಲಿ ಒತ್ತುವ ಡಬ್ಬಿ, ಗುರುಗುಟ್ಟುವ ಡಬ್ಬಿ ಅಂತ ಹೇಳಿಕೊಟ್ಟವರು ನೀವು. ಮೆಟ್ಟಿಲಲ್ಲಿ ನಿಂತವರಿಗೆ ನೆಲದ ಮೇಲಿನದು ಕಾಣೋದಿಲ್ಲ. ಒಳಗೆ ಹೋದವರಿಗೆ ಕಾಣುತ್ತೆ. ಹೇಗೆ ಗುರುಗುಟ್ಟುತ್ತೆ ಅಂತ ರಮಾನಂದನೇ ಬಾಯಲ್ಲಿ ಮಾಡಿ ತೋರಿಸಿದನಾ?"

ಹೆಗಡೆ ಬಾಗಿಲ ಕಡೆ ನೋಡಿದ.

"ಆಗ ಬೇಸ್ ಅಲ್ಲಿರಲಿಲ್ಲ. ಹತ್ತು ಗಂಟೆಗೇ ಮಾಸ್ತಿ ಒಯ್ದಿದ್ದ. ಈ ಠಾಣೆಗೆ ಬರುವವರೆಗೆ ಆ ಗಿಟಾರೂ ಈ ಡಬ್ಬಿಯೂ ಒಂದೇ ಕೋಣೆಯಲ್ಲಿ ಇದ್ದದ್ದೇ ಇಲ್ಲ. ಗಿಟಾರ್ ಮಾಸ್ತಿಯ ಹತ್ತಿರ ಇದೆ ಅಂತ ನಿಮಗೆ ಗೊತ್ತಿತ್ತು. ಅದಕ್ಕೇ ಅವನ ಹೆಸರು ಹೇಳಿದ್ರಿ. ಕೊಂದು ಒಯ್ದ ಅಂತ ಆಗಬೇಕಾದರೆ ಹನ್ನೊಂದು ಗಂಟೆಗೆ ಬೇಸ್ ನುಡಿಯಬೇಕಿತ್ತು. ಅದಕ್ಕೇ ನುಡಿಸಿದ್ರಿ. ಸುಳ್ಳು ಗಟ್ಟಿಯಾಗಲಿ ಅಂತ ಡಬ್ಬಿಯನ್ನೂ ಸೇರಿಸಿದ್ರಿ. ಡಬ್ಬಿ ಹಾಳಾಗಿದೆ ಅಂತ ರಮಾನಂದ ಮಾತ್ರ ನಿಮಗೆ ಹೇಳಿರಲಿಲ್ಲ. ಹೇಳುವಷ್ಟು ಹೊತ್ತು ನೀವು ಕೊಟ್ಟಿರಲಿಕ್ಕಿಲ್ಲ."

ಹೆಗಡೆ ಅನಂತಮೂರ್ತಿಯ ಕಡೆ ಬಾಗಿ ದನಿ ತಗ್ಗಿಸಿದ.

"ನೀವಾದ್ರೂ ತಿಳ್ಕಳವು. ಆರು ವರ್ಷ ಆ ಮಾಸ್ತಿ ನಮ್ಮ ಪಂಕ್ತಿ ಎದ್ದ ಮೇಲೆ ಅಂಗಳದಲ್ಲಿ ಉಂಡವ. ನಾ ಬೇಸು ಕೇಳೂಲೆ ಹೋದ್ರೆ, ಮಾಸ್ತಿಗೆ ಕೊಟ್ಟಾತು, ಇನ್ನು ನಮ್ಮಿಬ್ಬರದೇ ಪಾರ್ಟಿ, ನೀವು ಹಿಡಿದ ಮೂರು ಮದುವೆ ಕಾರ್ಯಕ್ರಮವೂ ನಮಗೇ ಬಂತು ಹೇಳಿ ರಮಾನಂದ ನಗ್ತಾ ಹೇಳ್ದ. ನಗ್ತಾ. ಆಮೇಲೆ ಡಬ್ಬಿ ತೋರಿಸ್ತೆ ಹೇಳಿ ನೆಲಕ್ಕೆ ಬಗ್ಗಿದ."

"ನೀವು ಸರಳು ಎತ್ತಿದ್ರಿ."

"ನಂಗೆ ಬೆನ್ನು ಹಾಕಿ ನಗ್ತಾ ಇದ್ದಿದ್ದ."

ದೇವಿ ಬೆಂಚಿನಿಂದ ಎದ್ದಳು. ಎರಡೇ ಹೆಜ್ಜೆಗೆ ಹೆಗಡೆಯ ಶಾಲು ಅವಳ ಮುಷ್ಟಿಯಲ್ಲಿತ್ತು. ಬಿಡಿಸಲು ಇಬ್ಬರು ಪೊಲೀಸರು ಬೇಕಾದರು.

ಹೊತ್ತು ಏರುವಷ್ಟರಲ್ಲಿ ಹೆಗಡೆ ತೋರಿಸಿದ ಜಾಗದಲ್ಲಿ, ಬಂದರಿನ ನೀರಿಳಿತದ ಕೆಸರಿನಲ್ಲಿ, ಮೈಕ್ ಸ್ಟ್ಯಾಂಡಿನ ಸರಳು ಸಿಕ್ಕಿತು.

* * *

ಮಾಸ್ತಿಯನ್ನು ಬಿಡುವ ಕಾಗದಕ್ಕೆ ರುಜು ಹಾಕಿ ಅನಂತಮೂರ್ತಿ ತಲೆ ಎತ್ತಿದ. ಏನೋ ಹೇಳಬೇಕಿತ್ತು.

"ಗಿಟಾರ್ ಕೋರ್ಟಿನ ಕೆಲಸ ಮುಗಿದ ಮೇಲೆ ಸಿಗ್ತದೆ. ನಾನೇ ತಲುಪಿಸ್ತೇನೆ."

"ನೀವು ನಮ್ಮನೆಗೆ ಬರೂದು ಬ್ಯಾಡ."

"ಮಾಸ್ತಿ, ನನ್ನಿಂದ ತಪ್ಪಾತು."

ಮಾಸ್ತಿ ಬಾಗಿಲ ತನಕ ಹೋದವ ನಿಂತ. ತಿರುಗಿದಾಗ ಅವನ ದನಿ ಏರಿರಲಿಲ್ಲ.

"ಶುಕ್ರವಾರ ಅವನ ಸುಟ್ರು. ಹೆಗಲು ಕೊಟ್ಟು ಬತ್ತೆ, ಕೈಗೆ ಬೇಡಿ ಹಾಕಿಯೇ ಕರ್ಕಂಡು ಹೋಗಿ ಅಂತ ನಿಮ್ಮ ಪೊಲೀಸರ ಹತ್ರ ಕೇಳ್ಕಂಡೆ. ಕೊಂದವ ನೀನೇ, ಹೆಗಲು ಎಂತಕ್ಕೆ ಅಂದ್ರು. ಅಂದು ಹೆಣದ ಮುಂದೆ ಆ ಹೆಗಡೆ ನಡೆದನಂತೆ. ಅದನ್ನ ಹ್ಯಾಂಗೆ ಸರಿ ಮಾಡ್ತ್ರಿ ಫೌಜದಾರ್ರೇ?"

ಹೊರಗೆ ದೇವಿ ಕಾದಿದ್ದಳು. ಮಾಸ್ತಿ ಇಳಿದು ಅವಳ ಪಕ್ಕಕ್ಕೆ ಹೋದ. ಇಬ್ಬರೂ ಬಿಸಿಲಿನಲ್ಲಿ ಮಸಣದ ದಾರಿ ಹಿಡಿದರು.