ನಾಲ್ಕು ಬೆರಳು ದೂರ

"ದೂರದಿಂದ ಒಡೀತಿದ್ದೀಯ. ಅತ್ರ ಬರಕ್ಕೆ ಭಯ ನಿಂಗೆ."

ಮೊದಲ ದಿನ ಅವನು ಆಡಿದ ಮೊದಲ ಮಾತು ಇದು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಬಾಕ್ಸಿಂಗ್ ಹಾಲ್‌ನಲ್ಲಿದ್ದ ಹತ್ತು ಜನರ ಮುಂದೆ ನೇರವಾಗಿ ಹೇಳಿಬಿಟ್ಟ.

ಸುಮಲತಳಿಗೆ ಕೋಪ ನೆತ್ತಿಗೇರಿತು. ತನ್ನೂರು ಕ್ಯಾಸಂಬಳ್ಳಿಯಲ್ಲಿ ಸಂಜೆಯ ಹಾಲು ಕರೆದು, ಡೇರಿಗೆ ಹಾಕಿ, ಬಸ್ಸು ಹಿಡಿದು ಕೆಜಿಎಫ್‌ನ ಉರಿಗಾಂನಲ್ಲಿದ್ದ ಹಳೆಯ ಕ್ಲಬ್ ಹಾಲ್‌ಗೆ ಬಂದವಳು ಅವಳು. ಇಪ್ಪತ್ತೊಂದು ವರ್ಷ. ರಾಜ್ಯ ಮಟ್ಟದಲ್ಲಿ ಎರಡು ಪದಕ ಗೆದ್ದಿದ್ದಳು. ಇನ್ನು ಮುಂದೆ ಬಾಕ್ಸಿಂಗನ್ನೇ ವೃತ್ತಿ ಮಾಡಿಕೊಳ್ಳಬೇಕು ಅಂತ ಅಲ್ಲಿ ಕಲಿಸುತ್ತಿದ್ದ ಕೋದಂಡಪ್ಪ ಮೇಷ್ಟರನ್ನು ಹುಡುಕಿಕೊಂಡು ಬಂದಿದ್ದಳು. ಇವನ್ಯಾರು, ಎರಡು ಕೈಗೂ ಏಟು ತಡೆಯುವ ಮೆತ್ತನೆಯ ಪ್ಯಾಡ್ ಹಾಕಿಕೊಂಡು ಎದುರಿಗೆ ನಿಂತು ಉಪದೇಶ ಮಾಡೋಕೆ?

"ಭಯಾನಾ? ನಂಗಾ?"

ಒಂದು ಹೆಜ್ಜೆ ಮುಂದಿಟ್ಟು, ಇದ್ದಬದ್ದ ಸಿಟ್ಟನ್ನೆಲ್ಲ ಎಡಗೈಗೆ ತಂದುಕೊಂಡು ಹೊಡೆದಳು. ಪ್ಯಾಡ್ ಹಿಂದಕ್ಕೆ ಹಾರಿ ಅವನ ಮೂಗಿಗೇ ಬಡಿಯಿತು. ರಕ್ತ ಬಂತು. ಅವನು ತೋಳಿನಿಂದ ಒರೆಸಿಕೊಂಡು ನಕ್ಕ.

"ಇದು ಸರಿ. ಈ ದೂರ ನೆನಪಿಟ್ಕೋ."

ತಿಕ್ಕಲು ಅಂದುಕೊಂಡಳು. ಆದರೂ ವಾಪಸ್ ಹೋಗುವ ಬಸ್ಸಿನಲ್ಲಿ, ಕಿಟಕಿ ಪಕ್ಕ ಕೂತು, ರಕ್ತ ಒರೆಸಿಕೊಂಡು ನಕ್ಕ ಆ ಮುಖವನ್ನೇ ಮತ್ತೆ ಮತ್ತೆ ನೆನೆದಳು. ಅದಕ್ಕೂ ಅವಳಿಗೆ ಅವನ ಮೇಲೆಯೇ ಸಿಟ್ಟು ಬಂತು.

ಅವನು ವೇಣುಗೋಪಾಲ್. ಕೆಜಿಎಫ್‌ನ ಫ್ಯಾಕ್ಟರಿಯೊಂದರಲ್ಲಿ ಲೇತ್ ಕೆಲಸ. ಒಂದು ಕಾಲಕ್ಕೆ ತಾನೂ ರಿಂಗಿಗಿಳಿದವನು. ಕಿವಿಗೆ ಪೆಟ್ಟು ಬಿದ್ದ ಮೇಲೆ ಬಿಟ್ಟು, ಬೇರೆಯವರಿಗೆ ಪ್ಯಾಡ್ ಹಿಡಿಯುತ್ತಿದ್ದ. ಸಂಜೆ ಆರು ಗಂಟೆಗೆ ಹಾಲಿಗೆ ಬಂದರೆ ಏಳೂವರೆಯವರೆಗೆ ಅವಳ ಏಟಿಗೆಲ್ಲ ಅವನ ಎರಡು ಅಂಗೈಯೇ ಗುರಿ.

ಪ್ಯಾಡ್ ಹಿಡಿಯುವುದೇನು ಮಹಾ ಅಂದುಕೊಳ್ಳಬೇಡಿ. ಬಾಕ್ಸರ್‌ಗೆ ತನ್ನ ಕೈ ಎಲ್ಲಿಯವರೆಗೆ ಮುಟ್ಟುತ್ತದೆ ಅನ್ನುವುದನ್ನು ಕಲಿಸುವವನೇ ಅವನು. ಅದಕ್ಕೇ ಕೋದಂಡಪ್ಪ ಮೇಷ್ಟರು ಹಾಲಿನ ಸಿಮೆಂಟ್ ನೆಲದ ಮೇಲೆ ಕೆಂಪು ಪೇಂಟಿನಲ್ಲಿ ಒಂದು ಗೆರೆ ಎಳೆಸಿದ್ದರು. ಪ್ಯಾಡ್ ಹಿಡಿದವನ ಕಾಲಿನ ಹೆಬ್ಬೆರಳು ಆ ಗೆರೆ ದಾಟಬಾರದು; ಹೊಡೆಯುವವರು ಈಚೆ, ತೋಳು ಪೂರ್ತಿ ಚಾಚಿದರೆ ಪ್ಯಾಡ್ ಮುಟ್ಟುವಷ್ಟು ದೂರದಲ್ಲಿ ನಿಲ್ಲಬೇಕು. ವೇಣು ತಮಿಳಿನಲ್ಲಿ ಎಣಿಕೆ ಹೇಳುತ್ತಿದ್ದ. 'ಒಣ್ಣು' ಅಂದರೆ ಎಡಗೈ ನೇರ ಏಟು. 'ರೆಂಡು' ಅಂದರೆ ಬಲಗೈ.

ಒಂಬತ್ತು ವರ್ಷ ಹೀಗೇ ಕಳೆಯಿತು.

ಮೊದಲ ವರ್ಷ ಅವಳು ನೂರು ಏಟು ಬೀಸಿ ಇಪ್ಪತ್ತು ತಾಗಿಸುತ್ತಿದ್ದಳು. ಉದ್ದನೆಯ ಎಡಗೈ ಚಾಚುವುದು, ಓಡುವುದು, ಮತ್ತೆ ಚಾಚುವುದು. ಮೂರು ರೌಂಡಿನ ಆಟಕ್ಕೆ ಅಷ್ಟು ಸಾಕಾಗುತ್ತಿತ್ತು, ವೃತ್ತಿಪರರ ಆರು ರೌಂಡಿನ ಆಟಕ್ಕೆ ಸಾಕಾಗಲಿಲ್ಲ. ಮೂರನೇ ವರ್ಷ, ಏಟಿನ ಬಲ ತೋಳಿನದಲ್ಲ, ಹಿಮ್ಮಡಿಯದು ಅಂತ ಅರ್ಥವಾಯಿತು. ಐದನೇ ವರ್ಷ ತಲೆ ಅಲುಗಿಸಿ ತಪ್ಪಿಸಿಕೊಳ್ಳುವುದನ್ನು ಕಲಿತಳು. ಆರನೇ ವರ್ಷಕ್ಕೆ ನಲವತ್ತೇ ಏಟು ಹೊಡೆದು ಇಪ್ಪತ್ತೈದು ತಾಗಿಸಿದಳು. ಸುಮ್ಮನೆ ನಿಲ್ಲುವುದನ್ನು ಕಲಿಯುವುದಕ್ಕೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಇಷ್ಟೆಲ್ಲ ಕಲಿತವಳಿಗೆ ಒಂದು ಮಾತು ಮಾತ್ರ ಬಾಯಿಗೆ ಬರಲಿಲ್ಲ. ಅವನಿಗೂ ಬರಲಿಲ್ಲ. ಅವಳ ಕೈಗೆ ಬ್ಯಾಂಡೇಜು ಸುತ್ತುವಾಗ ಅವನು ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ಅವಳು ಸೂರು ನೋಡುತ್ತಿದ್ದಳು. ಇಬ್ಬರೂ ಮೊದ್ದುಗಳೇ.

ಏಳನೇ ವರ್ಷ ಒಂದು ಪಂದ್ಯದಲ್ಲಿ ಅವಳ ಎಡ ಭುಜ ಜಾರಿತು. ವಾಸಿಯಾಯಿತು, ಆದರೆ ಡಾಕ್ಟರು ಹೇಳಿದ್ದರು: "ತೋಳು ಮೊದಲಿನಷ್ಟು ಪೂರ್ತಿ ಚಾಚಕ್ಕಾಗಲ್ಲಮ್ಮ."

ಆರು ತಿಂಗಳ ಮೇಲೆ ಹಾಲಿಗೆ ಬಂದು, ಗ್ಲೌಸ್ ತೊಟ್ಟು ನಿಂತಳು.

"ಒಣ್ಣು," ಅಂದ ವೇಣು.

ಧಪ್! ಹಳೆಯ ಸದ್ದೇ.

"ನೋಡಿದ್ರಾ ಮಾಷ್ಟ್ರೇ, ಡಾಕ್ಟ್ರಿಗೇನು ಗೊತ್ತು?" ಅಂತ ನಕ್ಕಳು. ಕಣ್ಣಿಗೆ ಪೊರೆ ಬಂದು ಕಣ್ಣಿಗಿಂತ ಕಿವಿಯನ್ನೇ ನಂಬುತ್ತಿದ್ದ ಕೋದಂಡಪ್ಪನೂ ತಲೆದೂಗಿದರು. ವೇಣು ಮಾತ್ರ ಪ್ಯಾಡಿನ ಪಟ್ಟಿ ಬಿಗಿದುಕೊಳ್ಳತೊಡಗಿದ.

ಆಮೇಲೆ ಶುರುವಾಯಿತು ನೋಡಿ ಅವಳ ಗ್ರಹಚಾರ.

ಒಂದು ಪಂದ್ಯ ಸೋತಳು. ಶೂ ಸರಿಯಿಲ್ಲ ಅಂದಳು. ಎರಡನೆಯದು ಸೋತಳು. ತೂಕ ಇಳಿಸಿದ್ದು ಹೆಚ್ಚಾಯಿತು ಅಂದಳು. ಮೂರನೆಯದೂ ಸೋತ ಮೇಲೆ ದೂರುವುದಕ್ಕೆ ಏನೂ ಉಳಿಯಲಿಲ್ಲ. ಎದುರಾಳಿಯ ಮುಖ ಕಣ್ಣೆದುರಿಗೇ ಇತ್ತು, ಎಡಗೈ ಹೊರಟಿತು, ಗಾಳಿಗೆ ತಾಗಿತು. ಪ್ರತಿ ಸಲವೂ ಅಷ್ಟೇ. ಪ್ಯಾಡಿನ ಮೇಲೆ ಧಪ್ ಅನ್ನುವ ಕೈ ರಿಂಗಿನಲ್ಲಿ ಯಾಕೆ ಮುಟ್ಟುವುದಿಲ್ಲ? ಯಾಕೆ...?

ಪಂದ್ಯ ಏರ್ಪಡಿಸುವ ವಿಜಯಕುಮಾರ್ ಫೋನ್ ಮಾಡಿದರು.

"ಬಂಗಾರಪೇಟೆಲಿ ಒಂದು ಕೊಡ್ತೀನಿ ಕಣಮ್ಮ, ಮುಂದಿನ ತಿಂಗಳು. ಅದೂ ಸೋತ್ರೆ ಇನ್ನು ನನ್ನ ಪಟ್ಟೀಲಿ ನಿನ್ನ ಹೆಸರಿರಲ್ಲ. ತಪ್ಪು ತಿಳ್ಕೋಬೇಡ."

ಅದೇ ವಾರ ಅವಳ ತಾಯಿ ವೆಂಕಟರತ್ನಮ್ಮ ಹಿಂಡಿ ಮೂಟೆ ಕೊಳ್ಳುವುದಕ್ಕೆ ಕೆಜಿಎಫ್‌ಗೆ ಬಂದವರು, ಮಗಳ ಜೊತೆ ಬಸ್ಸಿಗೆ ಹೋದರಾಯಿತು ಅಂತ ಹಾಲಿನ ಬೆಂಚಿನ ಮೇಲೆ ಕೂತರು. ಬಾಕ್ಸಿಂಗ್ ಅವರಿಗೆ ಏನೇನೂ ಗೊತ್ತಿಲ್ಲ. ಅರ್ಧ ಗಂಟೆ ನೋಡಿ ಕೇಳಿದರು:

"ಆ ಉಡುಗ ಯಾಕಮ್ಮಿ ಒಂದೊಂದು ಏಟಿಗೂ ಮುಂದುಕ್ಕೆ ಬತ್ತಾನೆ?"

"ಎಲ್ಲಿ ಬತ್ತಾನೆ? ಸುಮ್ಕಿರಮ್ಮ."

"ಬತ್ತಾನೆ ಕಣೇ. ವಯಸ್ಸಾದ ಅಸೂಗೆ ಕತ್ತು ನೀಡಕ್ಕಾಗಲ್ಲ ಅಂತ ನಾವು ಕಲಗಚ್ಚಿನ ಬಾನೀನ ಅತ್ರಕ್ಕೆ ತಳ್ತೀವಲ್ಲ... ಅಂಗೇ ಮಾಡ್ತವ್ನೆ."

ಸುಮಲತ ನೆಲ ನೋಡಿದಳು.

ಕೆಂಪು ಗೆರೆ. ಅದರ ಈಚೆಗೆ ವೇಣುವಿನ ಬಲಗಾಲಿನ ಶೂ. ಗೆರೆಯಿಂದ ಸರಿಯಾಗಿ ನಾಲ್ಕು ಬೆರಳು ಮುಂದೆ.

ಅವಳು ಶೂವಿನಿಂದ ಕಣ್ಣೆತ್ತಿ ಅವನ ಮುಖ ನೋಡಿದಳು.

"ಎಷ್ಟು ದಿನದಿಂದ?"

ಅವನು ಪ್ಯಾಡ್ ಇಳಿಸಿದ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ನೀನು ವಾಪಸ್ ಬಂದ ದಿನದಿಂದ."

"ಅಂದ್ರೆ ನನ್ ಕೈ ಮುಟ್ಟಲ್ಲ ಅಂತ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಮೂರು ಪಂದ್ಯ ಸೋತೆ ವೇಣು. ಶೂ ಬದಲಾಯಿಸ್ದೆ, ಊಟ ಬಿಟ್ಟೆ. ತಪ್ಪು ಎಲ್ಲೈತೆ ಅಂತ ಉಚ್ಚಿ ಥರ ಉಡುಕ್ದೆ. ಎದುರಿಗೇ ನಿಂತಿದ್ದೆ ನೀನು."

"ಸುಮ, ನಾನು ಯಾಕೆ ಅಂಗೆ..."

"ಅಯ್ಯೋ ಪಾಪ ಅನ್ನಿಸ್ತಾ? ಇವಳ ಕಥೆ ಮುಗೀತು, ಖುಷಿಯಾಗಿರ್ಲಿ ಅಂತಾನಾ?"

ಉತ್ತರಕ್ಕೆ ಕಾಯಲಿಲ್ಲ. "ಓಗು. ನಾಳೆಯಿಂದ ಬರಬೇಡ."

ಅವನು ಪ್ಯಾಡುಗಳನ್ನು ಬೆಂಚಿನ ಮೇಲಿಟ್ಟು ಹೊರಟೇ ಹೋದ. ವೆಂಕಟರತ್ನಮ್ಮ ಹಿಂಡಿ ಮೂಟೆಯ ಮೇಲೆ ಕೈಯಿಟ್ಟು, ಬಾಯಿ ಬಿಡಬಾರದಿತ್ತು ಅಂದುಕೊಂಡು ಕೂತರು.

ಮಾರನೆಯ ದಿನದಿಂದ ಕೋದಂಡಪ್ಪನೇ ಪ್ಯಾಡ್ ಹಿಡಿದರು. ಅರವತ್ತೆಂಟು ವರ್ಷದ ಮನುಷ್ಯ, ಗೆರೆಯ ಹಿಂದೆ ಕಂಬದ ಹಾಗೆ ನಿಂತರು.

"ಒಣ್ಣು."

ಗಾಳಿ.

"ಒಣ್ಣು."

ಮತ್ತೆ ಗಾಳಿ. ಮೂವತ್ತು ಸಲ ಹೊಡೆದು ಮೂವತ್ತು ಸಲವೂ ತಪ್ಪಿದಳು. ಗ್ಲೌಸ್ ಕಿತ್ತು ಗೋಡೆಗೆಸೆದಳು. ಎತ್ತಿಕೊಂಡು ಬಂದು ಮತ್ತೆ ತೊಟ್ಟಳು. ಮೇಷ್ಟರು ಸುತ್ತಿದ ಬ್ಯಾಂಡೇಜು ಬಿಗಿಯಾಗಿ ಬೆರಳು ಜುಮುಗುಟ್ಟುತ್ತಿತ್ತು. ಒಂಬತ್ತು ವರ್ಷದಲ್ಲಿ ಒಂದು ದಿನವೂ ಬೆರಳು ಜುಮುಗುಟ್ಟಿರಲಿಲ್ಲ ಅನ್ನುವುದು ನೆನಪಾಗಿ ಇನ್ನಷ್ಟು ರೇಗಿತು. ಅವನಿಲ್ಲದ್ದಕ್ಕೆ ರೇಗುತ್ತಿದೆಯೋ, ಅವನು ಮಾಡಿದ್ದಕ್ಕೋ... ಅವಳಿಗೇ ಗೊತ್ತಾಗಲಿಲ್ಲ.

"ನಾನು ಸದ್ದು ಕೇಳ್ತಿದ್ದೆ ಕಣಮ್ಮ," ಅಂದರು ಮೇಷ್ಟರು, ತಗ್ಗಿದ ದನಿಯಲ್ಲಿ. "ಸದ್ದು ಸರಿಯಿತ್ತು. ನಾನೂ ಮೋಸೋದೆ."

ಒಂಬತ್ತನೆಯ ದಿನ ಸಂಜೆ ಪಾಳಿ ಬಿಡುವ ಹೊತ್ತಿಗೆ ಅವಳು ಫ್ಯಾಕ್ಟರಿ ಗೇಟಿನ ಮುಂದೆ ನಿಂತಿದ್ದಳು. ಟಿಫನ್ ಕ್ಯಾರಿಯರ್ ಹಿಡಿದ ನೂರಾರು ಜನ ಅವಳ ಅಕ್ಕಪಕ್ಕ ಹರಿದು ಹೋದರು. ವೇಣು ಅವಳನ್ನು ಕಂಡು ಸೈಕಲ್ ನಿಲ್ಲಿಸಿದ.

"ನಾಳೆ ಬಾ," ಅಂದಳು. "ಗೆರೆ ಇಂದೆ ನಿಲ್ಲು. ನಾನು ತಪ್ಪಿದ್ರೆ ತಪ್ಲಿ, ಬಿದ್ರೆ ಬೀಳ್ಲಿ. ಒಂದು ಬೆರಳು ಮುಂದೆ ಬಂದ್ರೂ ಕಾಲು ಮುರೀತೀನಿ."

"ಕೋಪ ಓಯ್ತಾ?"

"ಇಲ್ಲ. ಬೇರೆ ಯಾರೂ ಸಿಗ್ಲಿಲ್ಲ."

ಅದು ಶುದ್ಧ ಸುಳ್ಳು. ಹಾಲಿನಲ್ಲಿ ಪ್ಯಾಡ್ ಹಿಡಿಯುವವರು ನಾಲ್ವರಿದ್ದರು.

ವೇಣು ಬಂದ. ಗೆರೆಯ ಹಿಂದೆ ನಿಂತ. ಅವಳು ತಪ್ಪಿದಾಗಲೆಲ್ಲ ಅವನ ಮುಖ ಬಾಡುತ್ತಿತ್ತು, ಕಾಲು ಮಾತ್ರ ಕದಲುತ್ತಿರಲಿಲ್ಲ. ಒಂದು ದಿನ, ಎರಡು ದಿನ, ನಾಲ್ಕು ದಿನ. ಐದನೆಯ ದಿನ ತಪ್ಪಿ ತಪ್ಪಿ ಸಾಕಾಗಿ ಅವಳು ಕೈ ಚಾಚುವುದನ್ನೇ ಬಿಟ್ಟಳು. ತಲೆ ತಗ್ಗಿಸಿ, ಅವನ ತೋಳಿನಡಿಗೆ ನುಗ್ಗಿ, ಗೆರೆ ದಾಟಿ ಒಳಗೆ ಹೋದಳು. ಮೊಣಕೈ ಮಡಚಿದ ಹಾಗೇ ಎಡಗೈಯನ್ನು ಕೆಳಗಿನಿಂದ ಬೀಸಿದಳು. ಅವನು ಪ್ಯಾಡನ್ನು ಪಕ್ಕೆಗೆ ತರುವುದರೊಳಗೆ ಏಟು ಬಿದ್ದಿತ್ತು.

ದಡ್!

"ಅದೇನು ಸದ್ದು?" ಮೇಷ್ಟರು ಬೆಂಚಿನಿಂದ ಎದ್ದರು. "ಬೇರೆ ಥರ ಐತಲ್ಲ. ಇನ್ನೊಂದ್ಸಲ ಒಡಿ."

ಮಡಚಿದ ತೋಳಿಗೆ ಭುಜ ಪೂರ್ತಿ ಚಾಚಬೇಕಾಗಿಯೇ ಇರಲಿಲ್ಲ. ಹತ್ತಿರ ಹೋದರೆ ಸಾಕಿತ್ತು. ಅಷ್ಟು ಹತ್ತಿರ ಹೋಗುವುದಕ್ಕೆ ಮೊದಲ ದಿನದಿಂದ ಕಲಿತ ಎಲ್ಲವೂ ಬೇಕಾಗಿತ್ತು: ಹಿಮ್ಮಡಿ, ತಲೆ ಅಲುಗಿಸುವುದು, ಸುಮ್ಮನೆ ಕಾಯುವುದು.

ಅವನ ಉಸಿರು ಅವಳ ಹಣೆಗೆ ತಾಗುತ್ತಿತ್ತು.

"ಸುಮ, ಅವತ್ತು ನಾನು ಯಾಕೆ..."

"ಪಂದ್ಯ ಮುಗೀಲಿ."

ಬಂಗಾರಪೇಟೆಯಲ್ಲಿ ಪಂದ್ಯಕ್ಕೆ ಸಿಕ್ಕ ಜಾಗ ಒಂದು ಕಲ್ಯಾಣ ಮಂಟಪ. ಹಿಂದಿನ ದಿನದ ಮದುವೆಯ ಪ್ಲಾಸ್ಟಿಕ್ ಹೂವು ಇನ್ನೂ ವೇದಿಕೆಯ ಮೇಲಿತ್ತು. ಊಟದ ಕುರ್ಚಿಗಳನ್ನು ಸುತ್ತ ಹಾಕಿ ನಡುವೆ ರಿಂಗ್ ಕಟ್ಟಿದ್ದರು. ಮಧ್ಯಾಹ್ನ ಮೂರು ಗಂಟೆ.

ಎದುರಾಳಿಗೆ ಇಪ್ಪತ್ತೆರಡು ವರ್ಷ. ಉದ್ದನೆಯ ಎಡಗೈ, ಹಗುರ ಕಾಲು. ಚಾಚುತ್ತಾಳೆ, ಓಡುತ್ತಾಳೆ. ಒಂಬತ್ತು ವರ್ಷದ ಹಿಂದಿನ ತನ್ನನ್ನೇ ನೋಡಿದಂತಾಗಿ ಸುಮಲತಳಿಗೆ ಹೊಟ್ಟೆಯುರಿಯಿತು.

ಮೊದಲ ಎರಡು ರೌಂಡು ಹಳೆಯ ಚಾಳಿಯೇ ಗೆದ್ದಿತು. ಕೈ ಚಾಚಿದಳು, ಗಾಳಿಗೆ ಹೊಡೆದಳು, ಮುಖಕ್ಕೆ ತಿಂದಳು. ಮೂಲೆಗೆ ಬಂದು ಕೂತಾಗ ತುಟಿ ಒಡೆದಿತ್ತು. ವೇಣು ನೀರು ಕುಡಿಸಿ, ಅವಳ ಕಣ್ಣನ್ನೇ ನೋಡಿ ಹೇಳಿದ:

"ದೂರದಿಂದ ಒಡೀತಿದ್ದೀಯ. ಅತ್ರ ಬರಕ್ಕೆ ಭಯ ನಿಂಗೆ."

ಅವಳು ಅವನನ್ನು ನುಂಗುವ ಹಾಗೆ ನೋಡಿ ಎದ್ದಳು.

ಮೂರನೇ ರೌಂಡಿನಿಂದ ಒಳಗೆ ನುಗ್ಗಿದಳು. ಎರಡು ಏಟು ತಿಂದು ಒಂದು ಕೊಟ್ಟಳು. ನಾಲ್ಕರಲ್ಲಿ ಒಂದು ತಿಂದು ಎರಡು ಕೊಟ್ಟಳು. ಐದರಲ್ಲಿ ಮಡಚಿದ ಎಡಗೈ ಪಕ್ಕೆಗೆ ಬಿದ್ದಾಗ ಆ ಹುಡುಗಿಯ ಬಾಯಿ ತೆರೆದುಕೊಂಡಿತು. ಆರರಲ್ಲಿ ಇಡೀ ಮಂಟಪ ಕುರ್ಚಿ ಬಿಟ್ಟೆದ್ದಿತ್ತು.

ತೀರ್ಪು ಬಂತು. ಪಂದ್ಯ ಸಮ.

ರೆಫರಿ ಇಬ್ಬರ ಕೈಯನ್ನೂ ಎತ್ತಿದ. ಸುಮಲತಳಿಗೆ ಕಿರುಚಬೇಕು ಅನ್ನಿಸಿತು. ಇಷ್ಟು ವರ್ಷ ದುಡಿದದ್ದಕ್ಕೆ ಸಿಕ್ಕಿದ್ದು ಗೆಲುವೂ ಅಲ್ಲ, ಸೋಲೂ ಅಲ್ಲ!

ವಿಜಯಕುಮಾರ್ ಮಾತ್ರ ಕೈ ಉಜ್ಜಿಕೊಳ್ಳುತ್ತಾ ಬಂದರು. "ಜನ ಇನ್ನೊಂದ್ಸಲ ಅಂತಾವ್ರೆ ಕಣಮ್ಮ. ಮೂರು ತಿಂಗಳಿಗೆ ಮತ್ತೆ ನೀವಿಬ್ಬರೇ. ಆಗ್ತದಾ?"

"ಆಗ್ತದೆ," ಅಂದಳು.

ಬಟ್ಟೆ ಬದಲಿಸುವುದಕ್ಕೆ ಅವಳಿಗೆ ಕೊಟ್ಟಿದ್ದು ಮದುಮಗಳ ಕೋಣೆ. ಕನ್ನಡಿಯ ಅಂಚಿನಲ್ಲಿ ಯಾರೋ ಅಂಟಿಸಿ ಮರೆತ ಕೆಂಪು ಸ್ಟಿಕ್ಕರ್ ಬೊಟ್ಟು. ಅದರ ಪಕ್ಕ ಅವಳ ಊದಿದ ಮುಖ. ವೇಣು ಬಾಗಿಲು ತಟ್ಟಿ ಒಳಗೆ ಬಂದ. ಎಂದಿನಂತೆ ಎಡಗೈಯ ಬ್ಯಾಂಡೇಜನ್ನು ಮೊದಲು ಕತ್ತರಿಸಿ ಬಿಚ್ಚಿದ. ಆಮೇಲೆ ಕತ್ತರಿ ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದು ನಿಂತ.

"ಪಂದ್ಯ ಮುಗೀತು," ಅಂದಳು. "ಈಗ ಯೋಳು. ಪಾಪ ಅನ್ನಿಸಿತ್ತಾ?"

"ಪಾಪ ಅಲ್ಲ."

"ಮತ್ತೆ?"

ಅವನು ಕತ್ತರಿಯನ್ನೇ ನೋಡುತ್ತಿದ್ದ. "ಕೈ ಮುಟ್ಟಲ್ಲ ಅಂತ ಗೊತ್ತಾದ್ರೆ ನೀನು ಬಾಕ್ಸಿಂಗ್ ಬಿಟ್ಬಿಡ್ತೀಯ ಅಂದ್ಕೊಂಡೆ. ಬಿಟ್ರೆ ಕ್ಯಾಸಂಬಳ್ಳೀಲೇ ಇರ್ತೀಯ. ಆರು ಗಂಟೆಗೆ ನಾನೆಲ್ಲಿಗೋಗ್ಲಿ ಸುಮ?... ನಿಂಗೋಸ್ಕರ ಅಲ್ಲ. ನಂಗೋಸ್ಕರ ಮಾಡ್ದೆ. ನಿನ್ನ ಸೋಲಿಸ್ದೆ."

ಇಷ್ಟು ದಿನದ ಸಿಟ್ಟು ಅವಳ ಎದೆಯಲ್ಲಿ ಎಲ್ಲೋ ಬಿಗಿ ಬಿಟ್ಟಿತು. ಕಣ್ಣು ತುಂಬಿತು. ಅವಳು ತಡೆಯಲೂ ಇಲ್ಲ.

"ಅದನ್ನ ಅವತ್ತೇ ಯೋಳಕ್ಕೆ ಏನಾಗಿತ್ತು?"

"ಭಯ."

"ಅತ್ರ ಬರಕ್ಕೆ ಭಯ ಅಂತ ಯಾರಿಗೆ ಅಂದಿದ್ದೆ?"

ಅವನು ತಲೆ ಎತ್ತಿದ. ಸಣ್ಣಗೆ ನಕ್ಕ. ಮೂಗಿನ ರಕ್ತ ಒರೆಸಿಕೊಂಡು ನಕ್ಕ ಅದೇ ನಗು. ಆಮೇಲೆ ಅವಳ ಕಡೆಗೆ ಹೆಜ್ಜೆ ಎತ್ತಿದ.

"ಅಲ್ಲೇ ನಿಲ್ಲು," ಅಂದಳು ಸುಮಲತ. "ಈ ಸಲ ನೀನು ಬರಬೇಡ. ನಾನೇ ಬತ್ತೀನಿ."

ಎರಡೇ ಹೆಜ್ಜೆ. ಮೊದಲನೆಯದನ್ನು ಮೆಲ್ಲಗೆ ಇಟ್ಟಳು, ಎರಡನೆಯದನ್ನು ಇಟ್ಟದ್ದು ಅವಳಿಗೇ ತಿಳಿಯಲಿಲ್ಲ. ಹಣೆಯನ್ನು ಅವನ ಎದೆಗೆ ಒರಗಿಸಿದಳು. ಅವನ ಅಂಗಿಗೆ ಬೆವರೂ ರಕ್ತವೂ ಮೆತ್ತಿಕೊಂಡವು.

"ಸುಮ... ದೂರ ಸರಿಯಾಗೈತಾ?"

"ಸುಮ್ಕಿರು," ಅಂದಳು ಅವನೆದೆಯಿಂದ ಮುಖ ಎತ್ತದೆ. "ಬಲಗೈ ಬ್ಯಾಂಡೇಜು ಇನ್ನೂ ಅಂಗೇ ಐತೆ, ಬಿಚ್ಚು."