ಇಲ್ಲಿ ಅವನು ಏನೋ ಹೇಳುತ್ತಾನೆ

"ಇದನ್ನ ಬರೆದವರು ಯಾರು?"

ಮುದ್ರಣಾಲಯದ ಒಳಕೋಣೆಗೆ ನುಗ್ಗಿ ಅವಳು ಪುಸ್ತಕವನ್ನು ಬಿಡಿಸಿ ನೇರವಾಗಿ ಅವನ ಕೀಬೋರ್ಡಿನ ಮೇಲೆಯೇ ಇಟ್ಟಳು. ಪರದೆಯ ಮೇಲೆ ಯಾವುದೋ ಶಾಲೆಯ ವಾರ್ಷಿಕ ವರದಿ ತೆರೆದಿತ್ತು. ಮುಖ್ಯೋಪಾಧ್ಯಾಯರ ಮಾತಿನ ನಡುವೆ ಒಂದೇ ಅಕ್ಷರ ಸಾಲುಸಾಲಾಗಿ ಓಡತೊಡಗಿತು.

ಅವನು ಮೊದಲು ಪುಸ್ತಕವನ್ನು ಎತ್ತಿಕೊಂಡ, ಬೆನ್ನು ಬಿರುಕು ಬಿಡದಂತೆ, ಕೂಸನ್ನು ಎತ್ತಿಕೊಳ್ಳುವ ಜೋಪಾನದಲ್ಲಿ. ಆಮೇಲೆ ಅವಳ ಮುಖ ನೋಡಿದ.

"ಕಾದಂಬರಿ ಮೇಡಂ ಅಲ್ವಾ ನೀವು? ಫೋನಲ್ಲಿ ಕೇಳಿದ ಧ್ವನಿ..."

"ನಾನು ಯಾರು ಅನ್ನೋದು ಆಮೇಲೆ. ಇದನ್ನ ಬರೆದವರು ಯಾರು?"

"ನಾನು."

ಬಸ್ಸಿನಲ್ಲಿ ಬರುವಾಗ ಅವಳು ಎಲ್ಲ ಬಗೆಯ ಸುಳ್ಳುಗಳಿಗೂ ಉತ್ತರ ಸಿದ್ಧಮಾಡಿಕೊಂಡಿದ್ದಳು. ನಿಜ ಹೇಳುವ ಗಂಡಸಿಗೆ ಏನು ಹೇಳಬೇಕು ಎಂಬುದು ಅವಳಿಗೆ ಹೊಳೆದಿರಲಿಲ್ಲ. ಅಂಥವನು ಅವಳ ಯಾವ ಕಾದಂಬರಿಯಲ್ಲೂ ಬಂದಿರಲಿಲ್ಲ.

ಅವಳ ಪುಸ್ತಕಗಳಿಗೆ ಲೇಖಕಿ ಅವಳೇ, ಪ್ರಕಾಶಕಿಯೂ ಅವಳೇ. ಪಾರ್ಸೆಲ್ ಕಟ್ಟುವವಳು ಅವಳು, ಪಾರ್ಸೆಲ್ ಬಂದಿಲ್ಲ ಎನ್ನುವವರಿಂದ ಬೈಸಿಕೊಳ್ಳುವವಳೂ ಅವಳೇ. ಮನೆಯ ಹಾಲ್‌ನಲ್ಲಿ ಕುರ್ಚಿಗಳಿಗಿಂತ ಕಟ್ಟುಗಳೇ ಹೆಚ್ಚು. ಬಂದ ನೆಂಟರು ಎರಡನೇ ಕಾದಂಬರಿಯ ಮೇಲೆ ಕೂರುತ್ತಿದ್ದರು, ಅದು ಅಷ್ಟಾಗಿ ಮಾರಾಟವಾಗಿರಲಿಲ್ಲ.

ಬರೆಯುವುದು ಬೆಳಗ್ಗೆ, ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ನಿಂತುಕೊಂಡೇ. ಪಕ್ಕದಲ್ಲಿ ವಾಷಿಂಗ್ ಮಷಿನ್ ತಿರುಗುತ್ತಿರಬೇಕು. ಸದ್ದಿಲ್ಲದಿದ್ದರೆ ಅವಳಿಗೆ ಒಂದು ವಾಕ್ಯವೂ ಬಾರದು. ಒಗೆಯಲು ಬಟ್ಟೆ ಇಲ್ಲದ ದಿನ ಒಗೆದ ಬಟ್ಟೆಯನ್ನೇ ಮತ್ತೆ ತುಂಬುತ್ತಿದ್ದಳು. ನಾಯಕ ನಾಯಕಿಯರ ಮಾತನ್ನು ಎರಡೂ ಧ್ವನಿಯಲ್ಲಿ ಗಟ್ಟಿಯಾಗಿ ಆಡಿ ನೋಡುವುದು ಇನ್ನೊಂದು ಚಾಳಿ. "ನಿಮ್ಮ ಯಜಮಾನರು ತುಂಬಾ ಪ್ರೀತಿಯಿಂದ ಮಾತಾಡ್ತಾರೆ ಕಣ್ರೀ," ಎಂದು ಪಕ್ಕದ ಮನೆಯಾಕೆ ಒಮ್ಮೆ ಹೊಟ್ಟೆಕಿಚ್ಚು ಪಟ್ಟಿದ್ದಳು. ಅವಳಿಗೆ ಯಜಮಾನರೇ ಇರಲಿಲ್ಲ.

ಬರೆದದ್ದನ್ನು ಸಂಜೆ ಅಮ್ಮನಿಗೆ ಓದಿ ಹೇಳುತ್ತಿದ್ದಳು. ಅಮ್ಮ ಬಟ್ಟೆ ಮಡಿಸುತ್ತ ಹೂಂಗುಡುತ್ತಿದ್ದಳು. ಹೂಂ ನಿಂತ ಜಾಗದಲ್ಲಿ ಅಧ್ಯಾಯ ಕೆಟ್ಟಿದೆ ಎಂದೇ ಅರ್ಥ.

ಮತ್ತೊಂದು ಅಭ್ಯಾಸ ಈ ಜಗಳಕ್ಕೆ ಮೂಲ. ತೀರಾ ಭಾವುಕವಾದ ಜಾಗ ಬಂದಾಗ ಅವಳು ಅಲ್ಲಿ ನಿಲ್ಲುತ್ತಿರಲಿಲ್ಲ. ಕಂಸದೊಳಗೆ 'ಇಲ್ಲಿ ಜಗಳ', 'ಇಲ್ಲಿ ಮುತ್ತು, ಹೆಚ್ಚು ಬೇಡ' ಎಂದು ಬರೆದು ಮುಂದೆ ಹೋಗುತ್ತಿದ್ದಳು. ಪುಟಗಳೆಲ್ಲ ಜೋಡಣೆಯಾಗಿ ತಿದ್ದಲು ಬಂದಾಗ ಕೂತು ತುಂಬುತ್ತಿದ್ದಳು.

ಹೋದ ವರ್ಷ ಅಮ್ಮ ತೀರಿಕೊಂಡಳು.

ಅವಳು ಅಳಲಿಲ್ಲ. ಅಳು ತಡೆದುಕೊಂಡಳು ಎಂದಲ್ಲ, ಬರಲೇ ಇಲ್ಲ. ಮಾರನೇ ವಾರವೇ ಮಷಿನ್ ತಿರುಗಿಸಿ ಬರೆಯಲು ನಿಂತಳು. ಬೆರಳುಗಳು ಬರೆದವು, ಅವಳು ನೋಡುತ್ತಿದ್ದಳು. ಯಾರೇನೇ ಸಂದೇಶ ಕಳಿಸಿದರೂ ಓದದೆ ಹೆಬ್ಬೆಟ್ಟಿನ ಚಿತ್ರ ಒತ್ತುತ್ತಿದ್ದಳು. ಸಂತಾಪಕ್ಕೂ ಅದೇ, ಕರೆಂಟ್ ಬಿಲ್ಲಿನ ನೆನಪೋಲೆಗೂ ಅದೇ.

ಹಾಗೆ ಮುಗಿದ ಕಾದಂಬರಿ ಅಚ್ಚಾಯಿತು. ವಾರ ಕಳೆಯುವಷ್ಟರಲ್ಲಿ ಫೋನ್‌ಗಳು ಶುರುವಾದವು. ಎಲ್ಲರೂ ಹೇಳಿದ್ದು ಒಂದೇ ಪುಟದ ಬಗ್ಗೆ. ಒಬ್ಬಾಕೆ ಅದನ್ನು ಗಂಡನಿಗೆ ಓದಿಸಿದಳಂತೆ. ಇನ್ನೊಬ್ಬಾಕೆ ಫೋಟೋ ತೆಗೆದು ಎಲ್ಲರಿಗೂ ಕಳಿಸಿದಳಂತೆ. ಅವಳು ಎಲ್ಲರಿಗೂ ಧನ್ಯವಾದ ಹೇಳಿದಳು. ಆಮೇಲೆ, ಅಷ್ಟಕ್ಕೂ ತಾನು ಬರೆದದ್ದೇನು ಎಂದು ಪುಸ್ತಕ ಬಿಡಿಸಿ ನೋಡಿದಳು.

ತಂದೆಯನ್ನು ಕಳೆದುಕೊಂಡ ನಾಯಕಿ ಕಲ್ಲುಬೆಂಚಿನ ಮೇಲೆ ಸುಮ್ಮನೆ ಕೂತಿದ್ದಾಳೆ. ನಾಯಕ ಬಂದು ನಿಲ್ಲುತ್ತಾನೆ. ಫೈಲಿನಲ್ಲಿ ಅಲ್ಲಿ ಅವಳು ಬಿಟ್ಟಿದ್ದು ಕಂಸ ಮಾತ್ರ: 'ಇಲ್ಲಿ ಅವನು ಏನೋ ಹೇಳುತ್ತಾನೆ, ಅವಳಿಗೆ ಅಳು ಬರುತ್ತದೆ.' ಪುಸ್ತಕದಲ್ಲಿ ಹೀಗಿತ್ತು:

"ಸಮಾಧಾನ ಮಾಡೋಕೆ ಬಂದಿಲ್ಲ. ಅಳು ಅಂತಲೂ ಹೇಳಲ್ಲ, ಅಳಬೇಡ ಅಂತಲೂ ಹೇಳಲ್ಲ. ನಿನಗೆ ಏನೂ ಅನ್ನಿಸದೇ ಇರೋದು ತಪ್ಪಲ್ಲ. ಸ್ವಲ್ಪ ಸರಿದರೆ ನಾನೂ ಇಲ್ಲೇ ಕೂತಿರ್ತೀನಿ."

ಅಧ್ಯಾಯ ಅಲ್ಲಿಗೆ ಮುಗಿದಿತ್ತು. ಅಳು ಇರಲಿಲ್ಲ.

ಅವಳು ಚಪ್ಪಲಿ ಮೆಟ್ಟಿ ಬಸ್ಸು ಹತ್ತಿದ್ದು ಆಗಲೇ.

ಆ ಮುದ್ರಣಾಲಯಕ್ಕೆ ಅವಳು ಕಾಲಿಟ್ಟದ್ದು ಇದೇ ಮೊದಲು. ಇಷ್ಟು ವರ್ಷ ಫೈಲು ಹೋಗುತ್ತಿತ್ತು, ಪುಟಗಳು ಬರುತ್ತಿದ್ದವು, ನಡುನಡುವೆ ಫೋನು. ಪುಟ ಜೋಡಿಸಿ ಅಕ್ಷರ ತಿದ್ದುವ ಅವನ ಹೆಸರು ಅವಳ ಮೊಬೈಲಿನಲ್ಲಿ 'ಪುಟದವರು'. ಸೋಡಾಬುಡ್ಡಿ ಕನ್ನಡಕದ ಒಬ್ಬ ಮುದುಕರನ್ನು ಅವಳು ಊಹಿಸಿಕೊಂಡಿದ್ದಳು. ಇವನು ಹೆಚ್ಚೂಕಡಿಮೆ ಅವಳದೇ ವಯಸ್ಸಿನವನು. ಯಂತ್ರಗಳಿಗೆಂದು ತಂಪಾಗಿಸಿದ್ದ ಕೋಣೆಯಲ್ಲಿ ಮೊಣಕೈ ತೂತಾದ ಸ್ವೆಟರ್ ಹಾಕಿಕೊಂಡು ಕೂತಿದ್ದ.

"ನನ್ನ ಪುಸ್ತಕದಲ್ಲಿ ನನ್ನದು ಅಲ್ಲದ್ದು ಒಂದು ಅಲ್ಪವಿರಾಮವೂ ಇರಲಿಲ್ಲ," ಎಂದಳು. "ನನ್ನ ಹತ್ತಿರ ಇದ್ದಿದ್ದು ಅದೊಂದೇ."

"ಅಲ್ಪವಿರಾಮ ಕೆಲವು ನನ್ನವೇ ಇವೆ ಮೇಡಂ," ಎಂದ ಅವನು ಮೆಲ್ಲಗೆ. "ಆದರೆ ಮಾತು ಸೇರಿಸಿದ್ದು ಇದೊಂದೇ. ತಪ್ಪಾಯ್ತು."

"ಯಾರು ಕೇಳಿದ್ರು ನಿಮ್ಮನ್ನ?"

ಅವನು ಮೇಜಿನ ಮೇಲಿದ್ದ ತನ್ನ ಮೊಬೈಲಿಗೆ ಕೈ ಚಾಚಿದ. ತೆಗೆದುಕೊಳ್ಳದೆ ಕೈ ಹಿಂದಕ್ಕೆ ಎಳೆದುಕೊಂಡ.

ಗಲಾಟೆ ಕೇಳಿ ಮುದ್ರಣಾಲಯದ ಯಜಮಾನರು ಬಂದರು. ಗಿರಾಕಿ ದೇವರೆಂದು ನಂಬಿದವರು. ವಿಷಯ ಪೂರ್ತಿ ಕೇಳುವ ಮೊದಲೇ ತೀರ್ಪು ಕೊಟ್ಟರು.

"ಇನ್ನು ನಿಮ್ಮ ಪುಸ್ತಕ ಇವರು ಮುಟ್ಟಲ್ಲ ಮೇಡಂ. ಎರಡನೇ ಮುದ್ರಣ ಸೋಮವಾರ ಮಷಿನ್‌ಗೆ ಹೋಗುತ್ತೆ. ಆ ಜಾಗಕ್ಕೆ ನಿಮ್ಮ ಮಾತು ನೀವು ಬರೆದು ಕೊಡಿ, ಹಾಕಿಬಿಡೋಣ."

"ಕೊಡ್ತೀನಿ," ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ತಾನು ಟಿಕೆಟ್ಟನ್ನು ಚೂರುಚೂರು ಹರಿದಿರುವುದು ಕಂಡಿತು. ಇದೇನು ಎಂದು ನೋಡಿಕೊಂಡಳು. ಕೋಪ... ವರ್ಷದಿಂದ ಈ ಕಡೆ ತಲೆಹಾಕದ ನೆಂಟನೊಬ್ಬ ಸೀಟಿನ ಪಕ್ಕ ಬಂದು ಕೂತಹಾಗಿತ್ತು. ಇಳಿಯುವ ನಿಲ್ದಾಣ ಬರುವಷ್ಟರಲ್ಲಿ ಅದೂ ಎದ್ದು ಹೋಯಿತು.

ಮನೆಯಲ್ಲಿ, ಈ ಸಲ ಪುಸ್ತಕ ಹೆಚ್ಚು ಹೋಗತೊಡಗಿದ್ದರಿಂದ ನೆರವಿಗೆ ಬಂದಿದ್ದ ಅಕ್ಕ ನೆಲದ ಮೇಲೆ ಕೂತು ಪಾರ್ಸೆಲ್‌ಗಳಿಗೆ ಟೇಪ್ ಸುತ್ತುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡು ಟೇಪನ್ನು ಹಲ್ಲಿನಿಂದ ಕಡಿದಳು.

"ಅದು ನೀನು ಬರೆದಿದ್ದಲ್ಲ ಅಂತ ನನಗೆ ಅವತ್ತೇ ಗೊತ್ತಾಯ್ತು."

"ಹೇಗೆ?"

"ನಿನ್ನ ಗಂಡಸರು ಅಷ್ಟು ಕಡಿಮೆ ಮಾತಾಡಿದ್ದು ಯಾವತ್ತು? ಮದುವೆ ಆಗಿದೆಯಾ ಅವನಿಗೆ?"

"ಅಕ್ಕಾ, ನಾನು ಜಗಳ ಆಡೋಕೆ ಹೋಗಿದ್ದು."

"ಜಗಳ ಆಡೋವಾಗಲೂ ಕೇಳಬಹುದು. ಹೋಗಲಿ, ತಿದ್ದಿದ ಪುಟ ಅವನು ನಿನಗೆ ಕಳಿಸಿರಲಿಲ್ವಾ? ಪ್ರತಿ ಸಲ ಕಳಿಸ್ತಾನಲ್ಲ?"

ಅವಳು ಮೊಬೈಲ್ ತೆಗೆದು ಹಿಂದಕ್ಕೆ ಸರಿಸುತ್ತ ಹೋದಳು. ಅವನ ಸಂದೇಶ ಅಲ್ಲಿತ್ತು.

'ಮೇಡಂ, ಇನ್ನೂರ ಹನ್ನೆರಡನೇ ಪುಟದಲ್ಲಿ ಕಂಸ ಹಾಗೇ ಉಳಿದಿದೆ. ಎರಡು ಸಲ ಕೇಳಿದೆ, ನೀವು ಸರಿ ಅಂತ ಮಾತ್ರ ಒತ್ತಿದಿರಿ. ನಾನು ಒಂದು ಮಾತು ಹಾಕಿ ಇದರ ಜೊತೆ ಕಳಿಸಿದ್ದೀನಿ. ಬೇಡ ಅಂದರೆ ತಕ್ಷಣ ತೆಗೀತೀನಿ.'

ಅದರ ಕೆಳಗೆ ಅವಳ ಹೆಬ್ಬೆಟ್ಟು.

ಅವಳು ಎರಡನೇ ಕಾದಂಬರಿಯ ಮೇಲೆ ಕೂತಳು. ಹೇಳಬಹುದಿತ್ತು ಅವನು... ಯಜಮಾನರ ಮುಂದೆ ಮೊಬೈಲ್ ತೋರಿಸಿದ್ದರೆ ಸಾಕಿತ್ತು. ನಾಚಿಕೆಯಾಗಬೇಕು ಎಂದು ಗೊತ್ತಾಯಿತು. ಆದರೆ ನಾಚಿಕೆ ಎಲ್ಲೋ ಗಾಜಿನ ಆಚೆ ನಿಂತು ಕೈ ಬೀಸಿದಹಾಗಿತ್ತು.

ಆದರೂ ಆ ಜಾಗ ತನ್ನದೇ. ತುಂಬಲೇಬೇಕು. ತುಂಬಲಾಗದಿದ್ದರೆ ಇನ್ನು ಮುಂದೆ ಬರೆಯುವುದೇ ಸುಳ್ಳು ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದಾಗಲೂ ಭಯವಾಗಲಿಲ್ಲ, ಅದೇ ಹೆಚ್ಚು ಕೆಟ್ಟದ್ದು.

ಮರುದಿನ ಬೆಳಗ್ಗೆ ಮಷಿನ್ ತಿರುಗಿಸಿದಳು. ನಾಯಕನ ಧ್ವನಿಯಲ್ಲಿ ಮಾತಾಡಿದಳು. ಅವನು ಕಡಲು ಎಂದ, ದೋಣಿ ಎಂದ, ನಿನ್ನ ನೋವು ನನ್ನದು ಎಂದ. ಅಕ್ಕ ಓದಿ ನೋಡಿದಳು.

"ಇವನು ಮಾತು ಮುಗಿಸೋ ಹೊತ್ತಿಗೆ ಅವಳ ದುಃಖ ತಾನಾಗೇ ವಾಸಿಯಾಗಿರುತ್ತೆ ಕಣೇ."

"ಅಂದ್ರೆ ಚೆನ್ನಾಗಿಲ್ಲ."

"ಚೆನ್ನಾಗಿದೆ. ಭಾಷಣ ಚೆನ್ನಾಗಿದೆ."

ಭಾನುವಾರವೂ ಬರೆದು ಅಳಿಸಿದಳು. ಒಗೆದ ಬಟ್ಟೆಯೇ ಮತ್ತೆ ಮತ್ತೆ ಒಗೆದು ಬಣ್ಣ ಬಿಡತೊಡಗಿತು. ಮಷಿನ್ ನಿಂತಾಗ ಅವಳಿಗೆ ಒಂದು ವಿಷಯ ಹೊಳೆಯಿತು. ತನಗೆ ಬೇಕಾಗಿದ್ದ ಮಾತನ್ನು ತಾನೇ ತನಗೆ ಹೇಳಿಕೊಳ್ಳಲು ಹೊರಟಿದ್ದಳು, ಅದು ತನ್ನ ಕಚಗುಳಿಗೆ ತಾನೇ ನಗಲು ನೋಡಿದಹಾಗೆ. ಆ ಪುಟದಲ್ಲಿ ನಾಯಕನ ಮಾತಿಗೆ ಏನೂ ಕೊರತೆ ಇರಲಿಲ್ಲ. ನಾಯಕಿಯ ಉತ್ತರವೇ ಇರಲಿಲ್ಲ.

ಸೋಮವಾರ ಬೆಳಗ್ಗೆ ಅವಳು ಮುದ್ರಣಾಲಯಕ್ಕೆ ಹೋದಾಗ ಅವನನ್ನು ಮೂಲೆಯ ಮೇಜಿಗೆ ಹಾಕಿದ್ದರು. ಔಷಧದ ಡಬ್ಬಿಯೊಳಗೆ ಮಡಿಸಿಡುವ ಚೀಟಿಯನ್ನು ಭೂತಗನ್ನಡಿ ಹಿಡಿದು ತಿದ್ದುತ್ತಿದ್ದ.

"ಶಿಕ್ಷೆನಾ ಇದು?" ಎಂದು ಕೇಳಿದಳು.

ತಲೆಯೆತ್ತಿದ. "ತಲೆಸುತ್ತು, ವಾಕರಿಕೆ, ಬಾಯಿ ಒಣಗೋದು. ನಿಮ್ಮ ನಾಯಕರಿಗೆ ಪ್ರೀತಿ ಆದಾಗ ಬರೋದೂ ಇವೇ ಅಲ್ವಾ? ಕೆಲಸ ಹೊಸದು ಅನ್ನಿಸ್ತಿಲ್ಲ."

ಅವಳು ಪಕ್ಕದಲ್ಲಿದ್ದ ಸ್ಟೂಲು ಎಳೆದುಕೊಂಡಳು.

"ಯಜಮಾನರಿಗೆ ಫೋನ್ ಮಾಡಿ ಹೇಳಿದ್ದೀನಿ. ಒಪ್ಪಿದ್ದು ನಾನೇ, ನೋಡದೇ ಒಪ್ಪಿದೆ ಅಂತ. ಇವತ್ತಿನಿಂದ ನನ್ನ ಪುಸ್ತಕ ಮತ್ತೆ ನಿಮ್ಮದೇ. ಕ್ಷಮಿಸಿ. ಅವತ್ತೇ ಯಾಕೆ ಹೇಳಲಿಲ್ಲ ನೀವು?"

ಅವನು ಭೂತಗನ್ನಡಿಯನ್ನು ಚೀಟಿಯ ಮೇಲೆ ಇಟ್ಟ.

"ಹೇಳಿದ್ರೆ ಅದು ಪೂರ್ತಿ ನಿಜ ಆಗ್ತಿರಲಿಲ್ಲ. ನೀವು ನೋಡಿರಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಚ್ಚಿಗೆ ಬಿಟ್ಟೆ."

"ಯಾಕೆ?"

"ನಿಮ್ಮ ತಾಯಿ ತೀರಿಕೊಂಡ ವಾರ ನೀವು ಫೋನ್ ಮಾಡಿದ್ರಿ, ನೆನಪಿದೆಯಾ? ಹಿಂದಿನ ಪುಸ್ತಕದ ರಕ್ಷಾಪುಟದ ನೀಲಿ ಸ್ವಲ್ಪ ತಿಳಿಯಾಗಲಿ ಅಂದ್ರಿ. ಅಮ್ಮ ಹೋದ್ರು ಅಂತ ಅದೇ ಉಸಿರಲ್ಲಿ ಹೇಳಿದ್ರಿ. ಎರಡಕ್ಕೂ ಒಂದೇ ಧ್ವನಿ. ನಾನು ಆಯ್ತು ಮೇಡಂ, ತಿಳಿ ಮಾಡ್ತೀನಿ ಅಂದೆ. ಅಷ್ಟೇ ಅಂದೆ. ಆಮೇಲೆ ತಿಂಗಳುಗಟ್ಟಲೆ ಅದೇ ತಲೆಯಲ್ಲಿ... ಹೊಸ ಕಾದಂಬರಿ ಬಂತು, ಆ ಕಂಸ ಖಾಲಿ ಬಂತು. ಅದು ಕಾದಂಬರಿಗೆ ಬರೆದ ಮಾತಲ್ಲ ಮೇಡಂ. ನಿಮಗೆ ಹೇಳಬೇಕಾಗಿದ್ದು. ಬೇರೆ ಕಡೆ ಹೇಳೋಕೆ ನನಗೆ ಜಾಗ ಸಿಗಲಿಲ್ಲ."

ಆಚೆ ಕೋಣೆಯಲ್ಲಿ ಯಂತ್ರ ಕಾಗದ ನುಂಗುವ ಸದ್ದು. ಅವಳು ಕಾದಳು. ಈಗ ಏನಾದರೂ ಆಗಬೇಕು, ಎದೆಯಲ್ಲೋ ಗಂಟಲಲ್ಲೋ. ಅವಳ ನಾಯಕಿಯರಿಗೆ ಈ ಹೊತ್ತಿಗೆ ಕಣ್ಣು ಮಂಜಾಗಿರುತ್ತಿತ್ತು. ಅವಳಿಗೆ ಆದದ್ದು ಇಷ್ಟೇ: ಸ್ಟೂಲಿನಿಂದ ಎದ್ದು ಹೋಗಲು ಮನಸ್ಸಾಗಲಿಲ್ಲ. ಬಹಳ ದಿನದಿಂದ ಅವಳಿಗೆ ಎಲ್ಲಿಯೂ ಇರಬೇಕು ಎನ್ನಿಸಿರಲಿಲ್ಲ.

"ಆ ಪುಟ ತೆಗೀರಿ," ಎಂದಳು.

"ಹೊಸ ಮಾತು ತಂದಿದ್ದೀರಾ?"

"ನಿಮ್ಮ ಮಾತು ಇರಲಿ. ಅದರ ಕೆಳಗೆ ಅವಳು ಏನೋ ಹೇಳಬೇಕು, ಅದು ಬಿಟ್ಟುಹೋಗಿದೆ. ನಿಮ್ಮ ಹೆಸರು ಮೊದಲ ಪುಟದಲ್ಲಿ ಹಾಕ್ತೀನಿ."

"ಹೆಸರು ಬೇಡ. ಓದುಗರು ನನಗೂ ಫೋನ್ ಮಾಡೋಕೆ ಶುರು ಮಾಡ್ತಾರೆ."

"ಹಾಕೇ ಹಾಕ್ತೀನಿ. ಪ್ರಕಾಶಕಿ ನಾನು."

ಅವನು ಫೈಲು ತೆರೆದ. ತನ್ನ ಸಾಲಿನ ಕೆಳಗೆ ಗೆರೆ ಮಿನುಗುವಹಾಗೆ ಮಾಡಿ, ಬೆರಳುಗಳನ್ನು ಕೀಲಿಗಳ ಮೇಲಿಟ್ಟು ಕಾದ.

"ಹೇಳಿ."

ಅವಳು ಏನನ್ನೂ ಬರೆದುಕೊಂಡು ಬಂದಿರಲಿಲ್ಲ. ಯಾರ ಧ್ವನಿಯಲ್ಲೂ ಆಡಿ ನೋಡಿರಲಿಲ್ಲ.

"ನನಗೆ ಇನ್ನೂ ಏನೂ ಅನ್ನಿಸ್ತಿಲ್ಲ," ಎಂದಳು. "ಅನ್ನಿಸೋವರೆಗೂ ಜೊತೆಗೆ ಯಾರಾದರೂ ಇದ್ದರೆ... ಬೇಡ ಅನ್ನಲ್ಲ."

ಅವನು ಟೈಪು ಮಾಡಿದ. ನಿಧಾನವಾಗಿ, ಒಂದೂ ಅಕ್ಷರ ತಪ್ಪದಂತೆ. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ.

"ಇದಕ್ಕೆ ಅವನು ಏನಂತಾನೆ?"

"ನೀವೇ ಹೇಳಿ."

"ಪುಟದಲ್ಲಿ ಜಾಗ ಇಲ್ಲ ಮೇಡಂ."

"ಪುಟಕ್ಕೆ ಬೇಡ. ನನಗೆ ಹೇಳಿದ್ರೆ ಸಾಕು."

ಅವನು ಕೀಬೋರ್ಡಿನಿಂದ ಕೈ ತೆಗೆದು ಅವಳ ಕಡೆ ತಿರುಗಿದ.

"ಇರ್ತೀನಿ."

"ತುಂಬಾ ದಿನ ಹಿಡೀಬಹುದು."

"ನಿಮ್ಮ ಎಲ್ಲ ಕಾದಂಬರಿಗಳನ್ನೂ ಒಂದೊಂದೇ ಅಕ್ಷರ ಓದಿದವನು ನಾನು. ನನ್ನ ತಾಳ್ಮೆ ಬಗ್ಗೆ ನಿಮಗೆ ಅನುಮಾನವಾ?"

ಅವಳಿಗೆ ನಗು ಬಂತು. ಸಣ್ಣದು, ಮೂಗಿನಲ್ಲೇ ಮುಗಿದುಹೋಗುವಂಥದ್ದು. ಅದರ ಹಿಂದೆ ಅಳುವೂ ಬಂದೀತೇನೋ ಎಂದು ಒಂದು ಗಳಿಗೆ ಕಾದಳು. ಬರಲಿಲ್ಲ.

"ಬರಲಿಲ್ಲ," ಎಂದಳು.

"ಬರದಿದ್ರೆ ಪರವಾಗಿಲ್ಲ. ಅಲ್ಲಿ ಆಚೆ ಅಂಗಡಿಯಲ್ಲಿ ಟೀ ಕುಡಿಯೋಣ್ವಾ?"

"ಈ ಚೀಟಿ?"

"ವಾಕರಿಕೆ ಎಲ್ಲೂ ಹೋಗಲ್ಲ," ಎಂದು ಅವನು ಎದ್ದ. ಅವಳೂ ಎದ್ದಳು.