ಮೂಲೆಗಿಟ್ಟ ಹಾಲಿನ ಕ್ಯಾನು

ಮಂಗಳವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಹಲಗೂರು ಠಾಣೆಯೊಳಗೆ ಇಪ್ಪತ್ತು ಜನ ಒಟ್ಟಿಗೇ ಕೂಗಾಡುತ್ತ ನುಗ್ಗಿದರು. ಇನ್‌ಸ್ಪೆಕ್ಟರ್ ದೇವರಾಜು ಇಡ್ಲಿ ಪೊಟ್ಟಣ ಬಿಚ್ಚಿ ಎರಡು ತುತ್ತೂ ತಿಂದಿರಲಿಲ್ಲ. ಯಾರೋ ಮೇಜು ಗುದ್ದಿದ ರಭಸಕ್ಕೆ ಸಾಂಬಾರು ಚೆಲ್ಲಿತು. ಅದನ್ನು ಬಿಳಿ ಕರವಸ್ತ್ರದಲ್ಲಿ ಒರೆಸುತ್ತ, "ಒಬ್ಬರು ಮಾತಾಡ್ರಪ್ಪಾ, ಒಬ್ಬರು!" ಎಂದು ಗದರಿದರು.

ಮುಂದೆ ಬಂದವನು ಪಕ್ಕದ ಹಳ್ಳಿಯ ಹಾಲಿನ ಡೇರಿಯ ಕಾರ್ಯದರ್ಶಿ ಶಿವರಾಜು. ಬೆಳಿಗ್ಗೆ ಡೇರಿಯಲ್ಲಿ ಬಿಡಿಯಾಗಿ ಕೊಂಡ ಹಾಲು ಕುಡಿದು ಆರು ಮಕ್ಕಳು ವಾಂತಿ ಮಾಡಿಕೊಂಡು ಮಳವಳ್ಳಿ ಆಸ್ಪತ್ರೆ ಸೇರಿದ್ದವು. ಸದ್ಯ, ಪ್ರಾಣಕ್ಕೇನೂ ಅಪಾಯವಿರಲಿಲ್ಲ. ವಿಷಯ ತಿಳಿದು ವ್ಯಾನಿನವನು ಹಾಲು ಒಯ್ಯದೆ ಹೋಗಿದ್ದ.

"ಕಾಲೋನಿ ಚಲುವಮ್ಮ ಸಾ. ವಾಷಿಂಗ್ ಸೋಡಾ ಬೆರ್ಸಿ ತಂದು ನಮ್ ಕ್ಯಾನ್‌ಗೆ ಉಯ್ದವ್ಳೆ. ಅರೆಸ್ಟ್ ಮಾಡಿ."

"ನೋಡಿದೋರು ಯಾರು?"

"ಊರೇ ಏಳ್ತೈತೆ ಸಾ."

"ಊರಿನ ಮಾತು ಬೇಡ. ಕಣ್ಣಾರೆ ಕಂಡೋರು ಯಾರು?"

ಶಿವರಾಜು ದೂರು ಬರೆದುಕೊಟ್ಟ. ಒಂಬತ್ತೂ ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಚಲುವಮ್ಮನನ್ನು ಊರಿನವರೇ ಎಳೆದು ತಂದು ಹೊರಗೆ ಕೂರಿಸಿದ್ದರು. ಐವತ್ತರ ಹೆಂಗಸು. ಅಳುತ್ತಿರಲಿಲ್ಲ, ಸಿಟ್ಟಾಗಿದ್ದಳು.

"ಇರೋದು ಒಂದೇ ಅಸ ಸಾ. ಬೆಳಗ್ಗೆ ಮಾತ್ರ ಡೇರಿಗೆ ಉಯ್ತೀನಿ. ಮೂರ್ ವರ್ಸ ಅಲ್ದು ಮೆಂಬರ್ ಆದೆ. ಅದುನ್ನ ಕಳ್ಕಳಕ್ಕೆ ನಾನೇ ಸೋಡಾ ಆಕ್ತೀನಾ?"

ದೇವರಾಜುಗೆ ತಲೆ ಚಿಟ್ಟು ಹಿಡಿಯಿತು. ಹಾಲಿನ ಮಾದರಿ ಪ್ರಯೋಗಾಲಯಕ್ಕೆ ಹೋಗಿ ವರದಿ ಬರುವ ಹೊತ್ತಿಗೆ ಆ ಮಕ್ಕಳು ಹೈಸ್ಕೂಲು ಸೇರಿರುತ್ತವೆ. ಊರು ಮಾತ್ರ ಇವತ್ತು ಸಂಜೆಯೊಳಗೇ ತೀರ್ಪು ಕೊಟ್ಟು ಡೇರಿಯ ಸದಸ್ಯರ ಪಟ್ಟಿಯಿಂದ ಚಲುವಮ್ಮನ ಹೆಸರು ಹೊಡೆದುಹಾಕುತ್ತದೆ. ಆ ಸಿಟ್ಟಿನಲ್ಲೇ ನಲ್ಲಿಯ ಕೆಳಗೆ ಕರವಸ್ತ್ರಕ್ಕೆ ಸೋಪು ತಿಕ್ಕಿದರು. ಹಳದಿ ಕಲೆ ರಕ್ತದಂತೆ ಕೆಂಪಾಯಿತು.

"ಇದಕ್ಕೇನು ಬಂತು ರೋಗ!"

"ಅರಿಶಿನ ಸಾರ್," ಎಂದಳು ಕಾನ್‌ಸ್ಟೆಬಲ್ ಗಗನ. ಮಂಡ್ಯದಲ್ಲಿ ಬಿ.ಎಸ್ಸಿ. ಮುಗಿಸಿ ಇಲಾಖೆಗೆ ಬಂದವಳು. "ಸೋಪಿಗೂ ಸುಣ್ಣಕ್ಕೂ ಕೆಂಪಾಗುತ್ತೆ. ಆರತಿ ನೀರು ಮಾಡಲ್ವಾ, ಹಾಗೆ. ವಾಷಿಂಗ್ ಸೋಡಾಕ್ಕೂ ಆಗಬೇಕು."

ದೇವರಾಜು ಕರವಸ್ತ್ರ ನೋಡಿದರು, ಗಗನಳನ್ನು ನೋಡಿದರು. "ಮತ್ತೆ ನಿಂತಿದ್ದೀಯಲ್ಲಮ್ಮ, ಮಾಡು!"

ಗಗನ ಹೋಟೆಲಿನಿಂದ ಅರಿಶಿನ ತರಿಸಿ ಬಿಸಿನೀರಿನಲ್ಲಿ ಕದಡಿದಳು. ಬಿಳಿ ಕಾಗದವನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಅದರಲ್ಲಿ ಅದ್ದಿ, ಫ್ಯಾನಿನ ಕೆಳಗೆ ಒಣಗಿಸಿದಳು. ಹೋಟೆಲಿನ ಹಾಲಿಗೆ ಅದ್ದಿದ ಪಟ್ಟಿ ಹಳದಿಯಾಗಿಯೇ ಉಳಿಯಿತು. ಅದೇ ಹಾಲಿಗೆ ಸೋಡಾ ಕದಡಿ ಅದ್ದಿದಾಗ ಕೆಂಪಾಯಿತು.

"ಕೋರ್ಟಿಗೆ ಇದು ಸಾಲದು ಸಾರ್."

"ಕೋರ್ಟಿಗೆ ಆಮೇಲೆ. ನನಗೆ ದಾರಿ ಕಂಡರೆ ಸಾಕು."

ಹನ್ನೊಂದೂ ಇಪ್ಪತ್ತಕ್ಕೆ ಡೇರಿಯಲ್ಲಿ ಪಂಚನಾಮೆ ಶುರುವಾಯಿತು. ಪಂಚರಾಗಿ ನಿಂತವರು ಡೇರಿಯ ಹಿರಿಯ ಸದಸ್ಯೆ ಮಂಗಳಮ್ಮ ಮತ್ತು ಅಂಗಡಿಯ ಕರಿಯಪ್ಪ. ಗಗನ ಎರಡು ದೊಡ್ಡ ಕ್ಯಾನುಗಳಿಗೆ ಪಟ್ಟಿ ಅದ್ದಿದಳು. ಎರಡೂ ಕೆಂಪಾದವು. ಹೊರಗೆ ಜನ ಹೋ ಎಂದರು.

"ನೋಡಿದ್ರಾ ಸಾ?" ಎಂದ ಶಿವರಾಜು.

ದೇವರಾಜುವಿನ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ಇಟ್ಟಿಗೆಯ ಮೇಲೆ ಒಂದು ಚಿಕ್ಕ ಕ್ಯಾನು ಬೇರೆಯಾಗಿ ಕೂತಿತ್ತು.

"ಅದು ಯಾರದ್ದು?"

ಶಿವರಾಜು ಬಾಯಿ ತೆರೆಯುವ ಮೊದಲೇ ಮಂಗಳಮ್ಮ ಹೇಳಿದಳು: "ಅದು ಚಲುವಮ್ಮುಂದು ಸಾ. ಕಾಲೋನಿ ಆಲ್ನ ನಮ್ಮದ್ರ ಜೊತೆ ಉಯ್ಯಾಕಿಲ್ಲ. ವ್ಯಾನ್‌ನೋನು ಬ್ಯಾರೆಯಾಗೇ ತಗೊಂಡೋಯ್ತಾನೆ."

"ಇವತ್ತೂ ಬೆರೆಸಿಲ್ಲವಾ?"

"ದೇವ್ರಾಣೆ ಇಲ್ಲ ಸಾ! ನಾನೇ ನಿಂತು ನೋಡ್ಕತೀನಿ. ಒಂದ್ ತೊಟ್ಟೂ ಬೆರ್ಸಾಕೆ ಬುಡಾಕಿಲ್ಲ."

ಅವಳ ಮಾತಿನಲ್ಲಿ ಹೆಮ್ಮೆಯಿತ್ತು. ತಾನೂ ಇಂಥದೇ ದಲಿತರ ಕಾಲೋನಿಯಲ್ಲಿ ಹುಟ್ಟಿ ಬೆಳೆದವನೆಂದು ದೇವರಾಜು ಹೇಳಲಿಲ್ಲ. ಅಷ್ಟನ್ನೂ ಮಂಗಳಮ್ಮನ ಮಾತಿನಲ್ಲೇ ಬರೆಸಿ, ಓದಿ ಹೇಳಿಸಿ, ಇಬ್ಬರು ಪಂಚರ ಸಹಿ ಹಾಕಿಸಿದರು. ಆಮೇಲೆ ಮೂಲೆಯ ಕ್ಯಾನಿಗೆ ಪಟ್ಟಿ ಅದ್ದಲು ಹೇಳಿದರು. ಅದು ಹಳದಿಯಾಗಿಯೇ ಇತ್ತು.

"ಅವಳ ಹಾಲು ನಿಮ್ಮ ಕ್ಯಾನು ಮುಟ್ಟೇ ಇಲ್ಲ ಅಂತ ನೀವೇ ಸಹಿ ಹಾಕಿದ್ರಿ. ಹಾಗಾದರೆ ಈ ದೊಡ್ಡ ಕ್ಯಾನುಗಳಿಗೆ ಸೋಡಾ ಹಾಕಿದ್ದು ಯಾರು? ಸೋಡಾನೇ ಅಂತ ನಿನಗೆ ಬೆಳಿಗ್ಗೆನೇ ಹೇಗೆ ಗೊತ್ತಾಯ್ತು, ಶಿವರಾಜು?"

ದೇವರಾಜು ಡೇರಿಯನ್ನು ಹುಡುಕಿಸಿದರು. ಪಶುಆಹಾರದ ಮೂಟೆಗಳ ಹಿಂದೆ ಅರ್ಧ ಖಾಲಿಯಾದ ಸೋಡಾ ಪೊಟ್ಟಣ ಸಿಕ್ಕಿತು. ಮಧ್ಯಾಹ್ನ ಒಂದೂ ಐದಕ್ಕೆ ಶಿವರಾಜುವಿನ ಬಂಧನ ದಾಖಲಾಯಿತು. ಕಾಲೋನಿಯ ಹಾಲಿಗೆ ಬೇರೆ ಕ್ಯಾನು ಇಟ್ಟ ವಿಚಾರದಲ್ಲಿ ದೇವರಾಜು ಡಿವೈಎಸ್‌ಪಿಯವರಿಗೆ ಪ್ರತ್ಯೇಕ ವರದಿ ಬರೆದರು. ಮಂಗಳಮ್ಮನ ಸಹಿ ಅದಕ್ಕೂ ಸಾಕ್ಷಿಯಾಯಿತು.

ಜೀಪಿನಲ್ಲಿ ಶಿವರಾಜು ತಾನಾಗಿಯೇ ಬಾಯಿಬಿಟ್ಟ. "ನೆನ್ನೆ ಸಂಜೆ ಕರೆಂಟು ಓಗಿ ಕೂಲರ್ರು ನಿಂತೋಯ್ತು ಸಾ. ಜನರೇಟ್ರು ಆಕ್ಬೇಕಿತ್ತು, ಸೋಂಬೇರಿತನ, ಮಲಗ್ಬುಟ್ಟೆ. ಸಂಜೆ ಆಲು ಉಳಿಗೆ ತಿರುಗ್ತು. ಅದುನ್ನ ಮುಚ್ಚಾಕಕ್ಕೆ ಸೋಡಾ ಆಕಿ ಬೆಳಗ್ಗೆ ಆಲ್ಗೆ ಬೆರ್ಸ್ದೆ, ಸೋಡಾ ಜಾಸ್ತಿ ಆಯ್ತು. ಊರ್ನೋರ್ ಮುಂದೆ ತಪ್ಪು ಒಪ್ಕಳಕ್ಕೆ ನಾಚ್ಕೆ ಸಾ."

"ಅವಳ ಹೆಸರು ಯಾಕಯ್ಯ ಹೇಳಿದೆ?"

"ಅವ್ಳ ಎಸ್ರೇಳುದ್ರೆ ಯಾರೂ ಇಂದೆಮುಂದೆ ಕೇಳಾಕಿಲ್ಲ ಅಂತ ಗೊತ್ತಿತ್ತು ಸಾ."

ಸಂಜೆ ಹೇಳಿಕೆಗೆ ಸಹಿ ಹಾಕಿದ ಚಲುವಮ್ಮ ಬಾಗಿಲಲ್ಲಿ ತಿರುಗಿ ನಿಂತಳು. "ನಾಳೀಕೆ ಆಲ್ನ ಯಾವ ಕ್ಯಾನ್‌ಗೆ ಉಯ್ಯನ ಸಾ?"

ದೇವರಾಜು ಬೆಳಗಿನ ಇಡ್ಲಿಯ ಪೊಟ್ಟಣವನ್ನು ಕಸದ ಬುಟ್ಟಿಗೆ ಎಸೆದರು.

"ದೊಡ್ಡದಕ್ಕೆ ಹುಯ್ಯಿ ಕಣಮ್ಮ. ನಾನೇ ಬಂದು ನಿಂತು ನೋಡ್ಕೋತೀನಿ."